ಆಟಿಯಲ್ಲಿ ಒಣಗುತ್ತದಾ ಈ ಕರ್ಟನ್?

ಕರ್ಟನ್ ಅಂಗಡಿಗೆ ಹೋದರೆ ನೀವು ಏನು ಕೇಳುತ್ತೀರಿ? ಬಣ್ಣ ಕೇಳುತ್ತೀರಿ, ರೇಟು ಕೇಳುತ್ತೀರಿ, ಮೊಬೈಲಿನಲ್ಲಿ ಸೋಫಾದ ಫೋಟೋ ತೋರಿಸಿ ಇದಕ್ಕೆ ಮ್ಯಾಚ್ ಆಗುತ್ತದಾ ಅಂತ ಕೇಳುತ್ತೀರಿ. ನಾನೂ ಹಾಗೆಯೇ ಮಾಡಿದ್ದು. ಈಗ ನಾನು ಕೇಳುವುದು ಒಂದೇ. ಇದು ಆಟಿಯಲ್ಲಿ ಒಣಗುತ್ತದಾ?

ಘಟ್ಟದ ಮೇಲಿನವರಿಗೆ ಇದು ತಮಾಷೆ ಅನ್ನಿಸಬಹುದು. ಆಟಿ ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ. ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ, ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಆ ದಿನಗಳಲ್ಲಿ ಒಂದು ಬೈರಾಸು, ಅಂದರೆ ಟವೆಲ್, ಒಣಗಬೇಕಾದರೂ ಎರಡು ದಿನ ಬೇಕು. ಇನ್ನು ಏಳು ಅಡಿ ಉದ್ದದ ದಪ್ಪ ಬಟ್ಟೆಯ ಕಥೆ ಕೇಳಬೇಡಿ. ಅಥವಾ ಕೇಳಿ, ಅದನ್ನು ಹೇಳಲಿಕ್ಕೇ ಕೂತಿದ್ದೇನೆ.

ನಮ್ಮದು ಬದಿಯಡ್ಕದ ಹತ್ತಿರ ಹೊಸ ಮನೆ. ವಿಷು ಕಳೆದು ಒಕ್ಕಲು, ಅಂದರೆ ಗೃಹಪ್ರವೇಶ. ಹನ್ನೊಂದು ಕಿಟಕಿ, ಕೈಯಲ್ಲಿ ಒಂದು ವಾರ. ಅಂಗಡಿಯ ಹುಡುಗ ಮೊದಲು ಮಲಯಾಳದಲ್ಲಿ ಚೇಚೀ ಅಂದ, ನನ್ನ ಕನ್ನಡ ಕೇಳಿ ಅಕ್ಕಾ ಅಂತ ಬದಲಾಯಿಸಿದ. ಪಾಪ, ಒಳ್ಳೆಯ ಹುಡುಗ. ಆಚೆ ಶಾರ್ಜಾದಿಂದ ನಮ್ಮ ಅಕ್ಕ ವಾಟ್ಸಾಪ್ ವಿಡಿಯೋದಲ್ಲಿ. "ಅದು ಬೇಡ, ಆ ಮರೂನ್ ತೋರಿಸು. ಹಾಂ, ಅದೇ. ಹಿಂದೆ ಲೈನಿಂಗ್ ಇದೆಯಾ ಕೇಳು. ನಮ್ಮ ಫ್ಲ್ಯಾಟಿನಲ್ಲಿ ಅದೇ ಇರುವುದು, ಹಗಲು ಹೊತ್ತಿಗೂ ಕತ್ತಲು ಕತ್ತಲು." ಬ್ಲ್ಯಾಕೌಟ್ ಕರ್ಟನ್. ಹನ್ನೊಂದು ಕಿಟಕಿಗೂ ಅದೇ. ಒಕ್ಕಲಿನ ದಿನ ಬಂದವರೆಲ್ಲ ಮುಟ್ಟಿ ಮುಟ್ಟಿ ನೋಡಿದರು. ಸುಳ್ಳು ಯಾಕೆ ಹೇಳಲಿ, ನನಗೂ ಖುಷಿಯಾಗಿತ್ತು.

ಜುಲೈ ಎರಡನೇ ವಾರ ಪಡು (ಪಶ್ಚಿಮ) ಬದಿಯ ಕೋಣೆಯಲ್ಲಿ ಏನೋ ವಾಸನೆ. ಹಳೆ ಅಕ್ಕಿ ಗೋಣಿಯ ಹಾಗೆ. ಕರ್ಟನ್ ತಿರುಗಿಸಿ ನೋಡಿದರೆ ಹಿಂದಿನ ಬಿಳಿ ಲೈನಿಂಗ್ ತುಂಬ ಕಪ್ಪು ಚುಕ್ಕಿ, ಸಾಸಿವೆ ಚೆಲ್ಲಿದ ಹಾಗೆ. ಬೂಷ್ಟು. ಕೆಳಗಿನ ಮಡಿಕೆಯಲ್ಲಿ ಚುಕ್ಕಿಯೂ ಅಲ್ಲ, ಅಂಗೈ ಅಗಲದ ಕಲೆ. ಒಗೆದೆ. ಜಗಲಿಯಲ್ಲಿ ಹಗ್ಗ ಕಟ್ಟಿ ಹಾಕಿದೆ, ಮೂರು ದಿನ ಆದರೂ ಹಸಿ. ಅಂಗಳದಲ್ಲಿ ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಗೂಡು ಇದೆಯಲ್ಲ, ಅದರೊಳಗೆ ಹಾಕಿದರೆ ಬಿಸಿಲೇ ಇಲ್ಲದೆ ಗೂಡಿನ ಒಳಗೂ ಬೆವರು. ಕೊನೆಗೆ ಬಚ್ಚಲಿನ ಒಲೆಯ ಮೇಲೆ ಬಿದಿರು ಕಟ್ಟಿ ಹರಡಿದೆವು. ಒಣಗಿತು, ಹೌದು. ಆದರೆ ತೆಂಗಿನ ಸಿಪ್ಪೆಯ ಹೊಗೆ ವಾಸನೆ ಹೋಗಲಿಕ್ಕೆ ದೀಪಾವಳಿ ಆಯಿತು.

ಇಲ್ಲಿ ಒಂದು ಮಾತು. ಪಾಲಿಯೆಸ್ಟರ್ ಕೆಟ್ಟದ್ದು ಅಂತ ಹಲವರು ಹೇಳುತ್ತಾರೆ, ನಾನು ಅದನ್ನು ಒಪ್ಪುವುದಿಲ್ಲ. ಪಾಲಿಯೆಸ್ಟರ್ ನೂಲು ನೀರು ಕುಡಿಯುವುದೇ ಕಡಿಮೆ, ತೆಳ್ಳಗಿದ್ದರೆ ಹತ್ತಿಗಿಂತ ಬೇಗ ಒಣಗುತ್ತದೆ. ತೊಂದರೆ ಇರುವುದು ಬೆನ್ನಿಗೆ ಹಚ್ಚಿದ ಆ ಲೇಪದಲ್ಲಿ, ದಪ್ಪದಲ್ಲಿ. ಬೆಳಕು ತಡೆಯುವುದೇ ಅದರ ಕೆಲಸ, ಬೆಳಕು ತೂರದ ಕಡೆ ಗಾಳಿಯೂ ತೂರುವುದಿಲ್ಲ. ಕರ್ಟನ್ನಿಗೂ ಗೋಡೆಗೂ ನಡುವೆ ಹಸಿ ಗಾಳಿ ಸಿಕ್ಕಿಕೊಂಡು ಕೂತುಬಿಡುತ್ತದೆ. ಶಾರ್ಜಾದಲ್ಲಿ ಕಿಟಕಿ ತೆರೆಯುವವರು ಯಾರು? ಹೊರಗೆ ಉರಿಬಿಸಿಲು, ಒಳಗೆ ಇಡೀ ದಿನ ಎಸಿ, ಆ ಎಸಿ ಗಾಳಿಯ ಪಸೆಯನ್ನೂ ಎಳೆದು ಹೊರಗೆ ಹಾಕುತ್ತದೆ. ಅಲ್ಲಿಗೆ ಅದೇ ಸರಿ. ಅಕ್ಕ ಹೇಳಿದ್ದು ಅವಳ ಮನೆಗೆ ತಪ್ಪಲ್ಲ. ನಾವು ಗಾಳಿಗೆ ಕಿಟಕಿ ತೆರೆದಿಟ್ಟು ಬದುಕುವವರು, ಅಷ್ಟೇ. ಈಗ ನಮ್ಮ ಊರಲ್ಲಿ ಕುಂಬಳೆಯಿಂದ ಕಾಞಂಗಾಡ್ ತನಕ ಯಾವ ಹೊಸ ಮನೆಗೆ ಹೋದರೂ ಗಲ್ಫಿನ ಫ್ಲ್ಯಾಟಿನ ಕರ್ಟನ್ನೇ ತೂಗುತ್ತಿರುತ್ತದೆ, ಅದರ ಹಿಂದೆ ಕಿಟಕಿ ಇದೆ ಅಂತ ಮನೆಯವರೇ ಮರೆತಿರುತ್ತಾರೆ.

ಸೆಕೆಗೆ ಅದು ಒಳ್ಳೆಯದಲ್ವಾ ಅಂತ ಕೇಳುವವರಿದ್ದಾರೆ. ಗಾಜು ದಾಟಿ ಬಿಸಿಲು ಒಳಗೆ ಬಂದ ಮೇಲೆ ನೀವು ಬಟ್ಟೆ ಅಡ್ಡ ಹಿಡಿದರೆ ಬಟ್ಟೆ ಬಿಸಿಯಾಗುತ್ತದೆ, ಆ ಬಿಸಿ ಕೋಣೆಗೇ ಸೇರುತ್ತದೆ. ಸ್ವಲ್ಪ ಕಡಿಮೆಯಾಗಬಹುದು, ಇಲ್ಲವೆನ್ನುವುದಿಲ್ಲ. ಆದರೆ ಬಿಸಿಲನ್ನು ಹೊರಗೇ ನಿಲ್ಲಿಸಿದರೆ ಆಗುವಷ್ಟು ಲಾಭ ಇಲ್ಲ. ಹಿಂದಿನವರು ಜಗಲಿಗೆ ಬಿದಿರಿನ ತಟ್ಟಿ, ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದದ್ದು ಅದಕ್ಕೇ. ಬೇಸಿಗೆಯಲ್ಲಿ ಬಿಸಿಲಿಗೆ, ಮಳೆಗಾಲದಲ್ಲಿ ಎರಚಲಿಗೆ. ನಾವು ಪಡು ಬದಿಯ ಎರಡು ಕಿಟಕಿಗೆ ಹೊರಗಿನಿಂದ ಬಿದಿರಿನ ತಟ್ಟಿ ಇಳಿಸಿದ್ದೇವೆ, ಸುತ್ತಿ ಮೇಲೆ ಕಟ್ಟುವಂಥದ್ದು. ಸಾಯಂಕಾಲ ನಾಲ್ಕು ಗಂಟೆಗೆ ಆ ಕೋಣೆಯಲ್ಲಿ ಕೂರಬಹುದು ಈಗ.

ದಿಕ್ಕಿನ ವಿಷಯದಲ್ಲೂ ಒಂದು ಮೋಸ ಇದೆ. ಬಡಗು ಕಿಟಕಿಗೆ ಬಿಸಿಲು ಬೀಳುವುದಿಲ್ಲ, ಅಲ್ಲಿ ಏನು ಹಾಕಿದರೂ ಆಗುತ್ತದೆ ಅಂತ ಯೂಟ್ಯೂಬಿನಲ್ಲಿ ಹೇಳುತ್ತಾರೆ, ಅದು ನಮ್ಮ ಊರಿನ ಲೆಕ್ಕ ಅಲ್ಲ. ಕಾಸರಗೋಡು ಇರುವುದು 12.5 ಡಿಗ್ರಿ ಉತ್ತರದಲ್ಲಿ. ಏಪ್ರಿಲ್ ಕೊನೆಗೆ ಸೂರ್ಯ ನಮ್ಮ ನೆತ್ತಿ ದಾಟಿ ಬಡಗಿಗೆ ಹೋಗುತ್ತಾನೆ, ತಿರುಗಿ ನೆತ್ತಿಗೆ ಬರುವುದು ಆಗಸ್ಟ್ ಮೂರನೇ ವಾರ. ಜೂನ್ ಆದ ಮೇಲೆ ಮೋಡ, ಅದು ಬಿಡಿ. ಮೇ ತಿಂಗಳು ಪೂರ್ತಿ ಬೆಳಿಗ್ಗೆ ಸಾಯಂಕಾಲ ಬಡಗು ಕಿಟಕಿಗೆ ಓರೆಯಾಗಿ ಬಿಸಿಲು ಹೊಡೆಯುತ್ತದೆ. ನಮ್ಮ ಅಡುಗೆಮನೆ ಬಡಗಿಗೆ, ಅನುಭವದ ಮಾತು.

ಹಾಗಾದರೆ ಒಳಗೆ ಏನು ಹಾಕಿದೆ? ಲೈನಿಂಗ್ ಇಲ್ಲದ ಕೈಮಗ್ಗದ ಹತ್ತಿ ಬಟ್ಟೆ, ತೆಳು. ಕಣ್ಣೂರು ನಮಗೆ ದೂರವಲ್ಲ, ಅಲ್ಲಿಯ ಕೈಮಗ್ಗದ ಮನೆಬಟ್ಟೆಗೆ ಜಿಐ ಗುರುತೇ ಇದೆ, ಅಂದರೆ ಇದು ಆ ಊರಿನದ್ದೇ ಅಂತ ಸರಕಾರದ ಮುದ್ರೆ. 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯವರು ಕಣ್ಣೂರಿನಲ್ಲಿ ನೇಯ್ಗೆ ಕಾರ್ಖಾನೆಯನ್ನೂ ನಡೆಸುತ್ತಿದ್ದರು. ಅಂದರೆ ನಮ್ಮ ಹಳೆ ಮನೆಯ ಹಂಚಿನ ಮಾಡೂ ಕಿಟಕಿಯ ಬಟ್ಟೆಯೂ ಒಂದು ಲೆಕ್ಕದಲ್ಲಿ ನೆಂಟರು. ಹತ್ತಿ ತಂದರೆ ಹೊಲಿಯುವ ಮೊದಲು ಒಂದು ಸಲ ನೀರಿಗೆ ಹಾಕಿ ತೆಗೆಯಿರಿ, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಎರಡು ಮೂರು ಇಂಚು ಮೇಲೆ ಹೋಗಿ ಶಾಲೆ ಮಕ್ಕಳ ಹಳೆ ಪ್ಯಾಂಟಿನ ಹಾಗೆ ಕಾಣುತ್ತದೆ. ಎರಡು ಸೆಟ್ ಮಾಡಿಸಿ. ಒಂದು ಬ್ಲ್ಯಾಕೌಟ್ ಸೆಟ್ಟಿಗೆ ಕೊಟ್ಟ ದುಡ್ಡಿನಲ್ಲಿ ನಮ್ಮ ಮನೆಗೆ ಎರಡೂ ಆಗಿ ಉಳಿಯಿತು.

ಅಗಲ ಮಾತ್ರ ಉಳಿಸಬೇಡಿ. ರೆಡಿಮೇಡ್ ಪೀಸು ಸಾಧಾರಣ ನಾಲ್ಕು ಅಡಿ ಅಗಲ ಇರುತ್ತದೆ, ಆದರೆ ನೆರಿಗೆ ಬಿದ್ದರೆ ಅದು ಮುಚ್ಚುವುದು ಎರಡೇ ಅಡಿ. ಐದು ಅಡಿಯ ಮೂರು ಬಾಗಿಲಿನ ಕಿಟಕಿಗೆ ಎರಡು ಪೀಸು ಸಾಕು ಅಂತ ಅಂಗಡಿಯವ ಹೇಳಿದರೆ ನಂಬಬೇಡಿ. ತುಂಬು ನೆರಿಗೆ ಸಿಗುವುದಿಲ್ಲ.

ಮಲಗುವ ಕೋಣೆಗೆ ನಾನು ಮಾಡಿದ್ದು ಕೇಳಿದರೆ ನಗುತ್ತೀರಿ. ಅರ್ಧ ಕರ್ಟನ್. ಹಳೆ ಮನೆಗಳಲ್ಲಿ ಇತ್ತಲ್ಲ, ಕಿಟಕಿಯ ಕೆಳಗಿನ ಅರ್ಧಕ್ಕೆ ಮಾತ್ರ, ಎರಡು ಬದಿಗೆ ಕೊಕ್ಕೆ ಹೊಡೆದು ಸ್ಪ್ರಿಂಗಿಗೆ ಪೋಣಿಸಿದ್ದು. ಆಚೆ ಈಚೆ ಹೋಗುವವರಿಗೆ ಒಳಗೆ ಕಾಣುವುದಿಲ್ಲ, ಮೇಲಿನ ಅರ್ಧದಿಂದ ಗಾಳಿ ಧಾರಾಳ. ತೆಳು ನೆಟ್ ಕರ್ಟನ್ ಹಗಲು ಮರೆ ಕೊಡುತ್ತದೆ, ರಾತ್ರಿ ಒಳಗೆ ಲೈಟ್ ಹಾಕಿದರೆ ಮಾರ್ಗದವರಿಗೆಲ್ಲ ನಾಟಕ. ಹತ್ತಿಯ ಅರ್ಧ ಕರ್ಟನ್‌ಗೆ ಆ ರೋಗ ಇಲ್ಲ. ಇನ್ನೊಂದು ಉಪಕಾರ ಯಾರೂ ಹೇಳುವುದಿಲ್ಲ. ನಮ್ಮ ಕಿಟಕಿ ಬಾಗಿಲುಗಳು ಹೊರಗೆ ತೆರೆಯುವಂಥವು, ಒಳಗೆ ಸರಳು. ಮಧ್ಯರಾತ್ರಿ ಗಾಳಿಮಳೆ ಹೊಡೆದರೆ ಕತ್ತಲಲ್ಲಿ ಎದ್ದು, ಒದ್ದೆ ಕರ್ಟನ್ನಿನ ರಾಶಿ ಸರಿಸಿ, ಸರಳಿನ ನಡುವೆ ಕೈ ಹಾಕಿ ಎಳೆಯಬೇಕು. ಗಿಡ್ಡ ಬಟ್ಟೆ ಆದರೆ ಒಂದೇ ಕೈಗೆ ಸರಿಯುತ್ತದೆ.

ಅತ್ತೆ ನೋಡಿ, "ಇದು ಶಾಲೆಯ ಆಫೀಸಿನ ಹಾಗೆ ಆಯಿತಲ್ಲ ಮಾರಾಯ್ತಿ" ಅಂದರು. ಆಗಲಿ.

ರಾಡಿನ ಬಗ್ಗೆ ಸಣ್ಣದಾಗಿ. ಕೆಂಪುಕಲ್ಲಿನ ಗೋಡೆಗೆ ಸಿಕ್ಕಿದಲ್ಲಿ ಡ್ರಿಲ್ ಮಾಡಿಸಬೇಡಿ, ಕಲ್ಲು ಹುಡಿಯಾಗಿ ಪ್ಲಗ್ ಸಡಿಲಾಗುತ್ತದೆ, ಒಂದು ದಿನ ಮಗು ಜೋತುಬಿದ್ದಾಗ ರಾಡೂ ಮಗುವೂ ಒಟ್ಟಿಗೆ ಕೆಳಗೆ. ಕಿಟಕಿಯ ಮೇಲಿನ ಕಾಂಕ್ರೀಟ್ ಲಿಂಟಲಿಗೇ ಹೊಡೆಸಿ. ಸಮುದ್ರದ ಹತ್ತಿರದವರು ಸ್ಟೀಲ್ ರಾಡೇ ತೆಗೆದುಕೊಳ್ಳಿ. ಪೈಂಟ್ ಬಳಿದ ಕಬ್ಬಿಣದ್ದು ಬೇಡ, ಉಪ್ಪುಗಾಳಿಗೆ ಅದರ ತುಕ್ಕು ಬಟ್ಟೆಗೇ ಇಳಿಯುತ್ತದೆ.

ಆ ಮರೂನ್ ಹನ್ನೊಂದು ಜೊತೆ? ಬಿಸಾಡಿಲ್ಲ. ಅಟ್ಟದಲ್ಲಿ ಗೋಣಿಯಲ್ಲಿ ಕಟ್ಟಿಟ್ಟಿದ್ದೇನೆ. ಅಕ್ಕ ಡಿಸೆಂಬರಿನಲ್ಲಿ ಬರುತ್ತಾಳೆ, ಅದಕ್ಕೆ ಮೊದಲು ಒಗೆದು ತೂಗುಹಾಕಬೇಕು. ಡಿಸೆಂಬರಿನಲ್ಲಿ ಏನು ಬೇಕಾದರೂ ಒಣಗುತ್ತದೆ.