ಬೇರೆಯವರ ಬ್ಲೂಸ್, ಕ್ಲಾಪ್ಟನ್ ಗಿಟಾರ್

ಎಲ್ಲರಿಗೂ ನಮಸ್ಕಾರ.

ಇವತ್ತು ಒಂದೇ ಒಂದು ಆಲ್ಬಮ್ ಬಗ್ಗೆ ಮಾತಾಡುತ್ತೇನೆ. ಇಂಗ್ಲೆಂಡಿನ ಗಿಟಾರ್ ವಾದಕ, ಗಾಯಕ ಎರಿಕ್ ಕ್ಲಾಪ್ಟನ್ 1994ರ ಸೆಪ್ಟೆಂಬರ್‌ನಲ್ಲಿ ಹೊರತಂದ 'ಫ್ರಮ್ ದ ಕ್ರೇಡಲ್'. ಇದರಲ್ಲಿ 16 ಹಾಡುಗಳಿವೆ. ಕ್ಲಾಪ್ಟನ್ ಬರೆದದ್ದು ಒಂದೂ ಇಲ್ಲ. ಎಲ್ಲವೂ ಹಳೆಯ ಬ್ಲೂಸ್. 1920ರ ದಶಕದಿಂದ 1960ರ ದಶಕದ ನಡುವೆ ಅಮೆರಿಕದ ಕಪ್ಪು ಸಂಗೀತಗಾರರು ರೆಕಾರ್ಡ್ ಮಾಡಿದವು.

ಅದಕ್ಕೆ ಎರಡು ವರ್ಷ ಮುಂಚೆ, ಎಲೆಕ್ಟ್ರಿಕ್ ಗಿಟಾರ್ ಬದಿಗಿಟ್ಟು ನುಡಿಸಿದ ಅವರ 'ಅನ್‌ಪ್ಲಗ್ಡ್' ಆಲ್ಬಮ್ ಬಂದಿತ್ತು. ಪ್ರಪಂಚವೆಲ್ಲ ಅದನ್ನು ಕೇಳಿತು. 1993ರ ಗ್ರ್ಯಾಮಿಯಲ್ಲಿ ಅವರಿಗೆ ಆರು ಪ್ರಶಸ್ತಿ ಸಿಕ್ಕವು. ಅಂಥ ಗೆಲುವಾದ ಮೇಲೆ ಯಾರಾದರೂ ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಇಡುತ್ತಾರೆ, ಅಲ್ವಾ? ಇವರು ಹಾಗೆ ಮಾಡಲಿಲ್ಲ. ಎಲೆಕ್ಟ್ರಿಕ್ ಗಿಟಾರ್ ಕೈಗೆತ್ತಿಕೊಂಡು, ಬರೀ ಹಳೆಯ ಹಾಡುಗಳನ್ನೇ ನುಡಿಸಿದರು. ಬ್ಲೂಸ್ ಆಲ್ಬಮ್‌ಗಳು ಮಾರಾಟದ ಪಟ್ಟಿಯ ತುದಿಗೆ ಹೋಗುವುದೇ ಅಪರೂಪ. ಇದು ಅಮೆರಿಕದಲ್ಲೂ ಬ್ರಿಟನ್ನಿನಲ್ಲೂ ಒಂದನೇ ಸ್ಥಾನಕ್ಕೆ ಹೋಯಿತು.

ಆಗ ಕೆಲವು ವಿಮರ್ಶಕರು ಒಂದು ಆಕ್ಷೇಪ ಎತ್ತಿದರು. ಇದು ಬರೀ ನಕಲು, ಇದರಲ್ಲಿ ಕ್ಲಾಪ್ಟನ್ ಎಲ್ಲಿದ್ದಾರೆ ಅಂತ. ನನ್ನ ಅಭಿಪ್ರಾಯ ಬೇರೆ. ಹಳೆಯ ಹಾಡನ್ನು ತಮ್ಮದಾಗಿಸಿಕೊಳ್ಳುವುದು ಕ್ಲಾಪ್ಟನ್‌ಗೆ ಮೊದಲಿನಿಂದಲೂ ಗೊತ್ತಿತ್ತು. ಈ ಆಲ್ಬಮ್‌ನಲ್ಲಿ ಅವರು ಬೇಕೆಂದೇ ಆ ಕೆಲಸ ಮಾಡಲಿಲ್ಲ. ಹಾಡು ಯಾರದ್ದು ಅನ್ನುವುದು ಕಿವಿಗೆ ತಿಳಿಯುವ ಹಾಗೆ ನುಡಿಸಿದರು. ಇದರ ಬೆಲೆ ಇರುವುದೇ ಅಲ್ಲಿ.

ಸ್ವಲ್ಪ ಹಿಂದಕ್ಕೆ ಹೋಗೋಣ. ಕ್ಲಾಪ್ಟನ್ 1945ರಲ್ಲಿ ಇಂಗ್ಲೆಂಡಿನ ಸರ್ರೆ ಪ್ರಾಂತದ ರಿಪ್ಲಿ ಎಂಬ ಹಳ್ಳಿಯಲ್ಲಿ ಹುಟ್ಟಿದವರು. ಅಜ್ಜ ಅಜ್ಜಿಯ ಮನೆಯಲ್ಲಿ ಬೆಳೆದರು. ಅವರಿಗೆ ಬ್ಲೂಸ್ ಸಿಕ್ಕಿದ್ದು ಸಮುದ್ರದಾಚೆಯಿಂದ ಬಂದ ರೆಕಾರ್ಡುಗಳಲ್ಲಿ. 1965ರಲ್ಲಿ ತಾವಿದ್ದ ಯಾರ್ಡ್‌ಬರ್ಡ್ಸ್ ತಂಡ ಪಾಪ್ ಕಡೆಗೆ ವಾಲಿತು ಅಂತ ಅದನ್ನು ಬಿಟ್ಟರು. ಮುಂದಿನ ವರ್ಷ ಬ್ರಿಟನ್ನಿನ ಬ್ಲೂಸ್ ಗಾಯಕ ಜಾನ್ ಮೇಯಲ್ ಜೊತೆ ಒಂದು ಆಲ್ಬಮ್ ಮಾಡಿದರು. ಮುಖಪುಟದ ಫೋಟೋದಲ್ಲಿ ಕ್ಲಾಪ್ಟನ್ 'ಬೀನೋ' ಎಂಬ ಮಕ್ಕಳ ಕಾಮಿಕ್ ಓದುತ್ತಾ ಕೂತಿದ್ದಾರೆ. ಹಾಗಾಗಿ ಅದಕ್ಕೆ 'ಬೀನೋ ಆಲ್ಬಮ್' ಅಂತಲೇ ಹೆಸರು ನಿಂತಿದೆ. ಅದರಲ್ಲಿ ಅಮೆರಿಕದ ಬ್ಲೂಸ್ ಗಿಟಾರಿಸ್ಟ್ ಓಟಿಸ್ ರಶ್ ಅವರ ಹಾಡೊಂದಿದೆ, ಇನ್ನೊಬ್ಬ ಗಿಟಾರಿಸ್ಟ್ ಫ್ರೆಡ್ಡಿ ಕಿಂಗ್ ಮೊದಲು ನುಡಿಸಿದ್ದ, ಬರೀ ವಾದ್ಯಗಳ ಒಂದು ತುಣುಕಿದೆ. ಈ ಎರಡು ಹೆಸರು ನೆನಪಿಟ್ಟುಕೊಳ್ಳಿ. 28 ವರ್ಷದ ನಂತರ 'ಫ್ರಮ್ ದ ಕ್ರೇಡಲ್'ನಲ್ಲಿ ಇಬ್ಬರ ಹಾಡುಗಳೂ ಮತ್ತೆ ಬರುತ್ತವೆ.

ಆಮೇಲೆ ಕ್ಲಾಪ್ಟನ್ ಇದ್ದ ಮೂವರ ರಾಕ್ ತಂಡ, ಕ್ರೀಮ್. 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ವೇದಿಕೆಯಲ್ಲಿ ಅವರು ನುಡಿಸಿದ 'ಕ್ರಾಸ್‌ರೋಡ್ಸ್' ನಿಮ್ಮಲ್ಲಿ ತುಂಬಾ ಜನ ಕೇಳಿರುತ್ತೀರಿ. ಆ ಹಾಡು ಮಿಸಿಸಿಪ್ಪಿಯ ರಾಬರ್ಟ್ ಜಾನ್ಸನ್ ಅವರದ್ದು. 1936ರಲ್ಲಿ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಅವರು ಅದನ್ನು ಹಾಡಿದಾಗ ಜೊತೆಗಿದ್ದದ್ದು ಒಂದು ಗಿಟಾರ್ ಮಾತ್ರ. ಕ್ರೀಮ್ ಕೈಗೆ ಬಂದಾಗ ಅದು ಓಡುವ ಕುದುರೆಯಾಯಿತು. ಡ್ರಮ್ಸ್, ಬಾಸ್, ದೊಡ್ಡ ಆಂಪ್ಲಿಫೈಯರ್, ಎರಡು ಸುತ್ತು ಸೋಲೊ, ಅಂದರೆ ಗಿಟಾರ್ ಮುಂದೆ ನಿಂತು ನುಡಿಸುವ ಭಾಗ. ಅದ್ಭುತವಾದ ನುಡಿಸಾಣಿಕೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿ ಕೇಳಿಸುವುದು ಕ್ಲಾಪ್ಟನ್. ಜಾನ್ಸನ್ ಹಿಂದಕ್ಕೆ ಸರಿದಿದ್ದಾರೆ.

1994ರಲ್ಲಿ ಆದದ್ದು ಇದಕ್ಕೆ ತೀರಾ ಉಲ್ಟಾ. ಲಂಡನ್ನಿನ ಒಲಿಂಪಿಕ್ ಸ್ಟುಡಿಯೋದಲ್ಲಿ ತಂಡದವರೆಲ್ಲ ಒಟ್ಟಿಗೆ ನುಡಿಸಿದರು. ಹಾಡುವುದು, ಗಿಟಾರ್ ಸೋಲೊ, ಎಲ್ಲ ಒಂದೇ ಸಲಕ್ಕೆ. ಆಮೇಲೆ ತಿದ್ದಿ ತೀಡುವುದು, ಮೇಲಿಂದ ಸೇರಿಸುವುದು ಇಲ್ಲ. ಆಲ್ಬಮ್‌ನಲ್ಲೇ ಬರೆದುಕೊಂಡಿದ್ದಾರೆ: ಒಂದು ಹಾಡಿಗೆ ಡೊಬ್ರೊ, ಅಂದರೆ ಲೋಹದ ತಟ್ಟೆ ಕೂರಿಸಿದ ಗಿಟಾರ್, ಇನ್ನೊಂದಕ್ಕೆ ಡ್ರಮ್ಸ್, ಇವೆರಡನ್ನೇ ಆಮೇಲೆ ಸೇರಿಸಿದ್ದು. 1990ರ ದಶಕದ ದೊಡ್ಡ ಸ್ಟುಡಿಯೋ ರೆಕಾರ್ಡಿಂಗ್‌ನಲ್ಲಿ ಇದು ಸಣ್ಣ ಮಾತಲ್ಲ. ತಪ್ಪು ಮುಚ್ಚಿಕೊಳ್ಳಲು ಜಾಗವೇ ಇರುವುದಿಲ್ಲ.

ಯಾಕೆ ಹೀಗೆ ಮಾಡಬೇಕಿತ್ತು ಅನ್ನುವುದಕ್ಕೆ ಬ್ಲೂಸ್ ಹೇಗೆ ಕಟ್ಟಿಕೊಂಡಿದೆ ಅಂತ ನೋಡಬೇಕು. ಸಾಮಾನ್ಯವಾಗಿ 12 ಬಾರ್, ಅಂದರೆ ತಾಳದ 12 ಸುತ್ತು, ಬಾರ್‌ಗೆ ನಾಲ್ಕು ಎಣಿಕೆ, ಮೂರು ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಮೂರು ಸ್ವರಗುಚ್ಛ. ಹಾಡುಗಾರ ಒಂದು ಸಾಲು ಹೇಳುತ್ತಾನೆ. ಅದನ್ನೇ ಮತ್ತೆ ಹೇಳುತ್ತಾನೆ. ಮೂರನೇ ಸಾಲಿನಲ್ಲಿ ಮಾತು ಮುಗಿಸುತ್ತಾನೆ. ಒಂದು ಸಾಲಿಗೆ ನಾಲ್ಕು ಬಾರ್ ಸಿಗುತ್ತದೆ, ಆದರೆ ದನಿ ತುಂಬುವುದು ಸುಮಾರು ಎರಡನ್ನು. ಉಳಿದ ಎರಡು ಖಾಲಿ. ಅಲ್ಲಿ ಗಿಟಾರ್ ಉತ್ತರ ಕೊಡಬೇಕು. ದನಿ ಒಂದು ದಿನ, ಗಿಟಾರ್ ಇನ್ನೊಂದು ದಿನ ರೆಕಾರ್ಡ್ ಮಾಡಿದರೆ ಆ ಮಾತುಕತೆ ಸತ್ತುಹೋಗುತ್ತದೆ. ಕ್ಲಾಪ್ಟನ್‌ಗೆ ಇದು ಚೆನ್ನಾಗಿ ಗೊತ್ತಿತ್ತು.

ಇನ್ನು ಹಾಡುಗಳಿಗೆ ಬರೋಣ. ಎಲ್ಲ 16ನ್ನೂ ಹೇಳುತ್ತಾ ಕೂರುವುದಿಲ್ಲ.

'ಫೈವ್ ಲಾಂಗ್ ಇಯರ್ಸ್' ತೆಗೆದುಕೊಳ್ಳಿ. ಬರೆದವರು ಎಡ್ಡಿ ಬಾಯ್ಡ್, 1952ರಲ್ಲಿ. ಉಕ್ಕಿನ ಕಾರ್ಖಾನೆಯಲ್ಲಿ ಐದು ವರ್ಷ ದುಡಿದು ಸಂಬಳವನ್ನೆಲ್ಲ ಮನೆಗೆ ತಂದುಕೊಟ್ಟವನನ್ನು ಅವನ ಹೆಂಗಸು ಹೊರಗೆ ಹಾಕುತ್ತಾಳೆ. ಇಷ್ಟೇ ಕಥೆ. ಬಾಯ್ಡ್ ಮಿಸಿಸಿಪ್ಪಿಯಿಂದ ಶಿಕಾಗೊಗೆ ಬಂದವರು, ಕಾರ್ಖಾನೆಯಲ್ಲಿ ಮೈಮುರಿದು ದುಡಿದವರು. ಅವರು ಪಿಯಾನೊ ನುಡಿಸಿ ಹಾಡಿದ್ದು ಒಬ್ಬ ದಣಿದ ಮನುಷ್ಯ ಲೆಕ್ಕ ಒಪ್ಪಿಸುವ ಹಾಗಿದೆ. ಸಮಾಧಾನದ ದನಿ. ಕ್ಲಾಪ್ಟನ್ ಅದೇ ಹಾಡನ್ನು ಗಂಟಲು ಹರಿಯುವ ಹಾಗೆ ಹಾಡುತ್ತಾರೆ. ಸೋಲೊ ಶುರುವಾದಾಗ ಗಿಟಾರ್ ಒಡೆದ ದನಿಯಲ್ಲಿ ಕಿರುಚುತ್ತದೆ. ಇಡೀ ಆಲ್ಬಮ್‌ನಲ್ಲಿ ಇಷ್ಟು ಒರಟಾದ ಗಿಟಾರ್ ಕಡಿಮೆ.

ಬಾಯ್ಡ್ ಅವರ ಬಗ್ಗೆ ಇನ್ನೊಂದು ವಿಷಯ ಹೇಳಲೇಬೇಕು. ಅಮೆರಿಕದ ವರ್ಣಭೇದ ಸಾಕಾಗಿ ಅವರು ಯುರೋಪಿಗೆ ಹೋದರು. ಕೊನೆಗೆ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ನೆಲೆಸಿದರು. 1994ರ ಜುಲೈ 13ರಂದು ಅಲ್ಲೇ ತೀರಿಕೊಂಡರು. ಈ ಆಲ್ಬಮ್‌ನಲ್ಲಿ ಅವರ ಎರಡು ಹಾಡುಗಳಿವೆ, ಇನ್ನೊಂದು ಶಿಕಾಗೊದ ಬ್ಲೂಸ್ ಹಾಡುಗಳ ರಚನೆಕಾರ ವಿಲ್ಲಿ ಡಿಕ್ಸನ್ ಜೊತೆ ಸೇರಿ ಬರೆದದ್ದು. ಅವರು ಹೋಗಿ ಎರಡು ತಿಂಗಳಿಗೆ ಆಲ್ಬಮ್ ಬಂತು. ಲಕ್ಷಾಂತರ ಜನ ಕೇಳಿದರು. ಅದನ್ನು ನೋಡಲು ಅವರು ಇರಲಿಲ್ಲ. ನನಗೆ ಈ ಹಾಡು ಹಾಕಿದಾಗಲೆಲ್ಲ ಹೆಲ್ಸಿಂಕಿ ನೆನಪಾಗುತ್ತದೆ.

ಈಗ 'ಹೂಚಿ ಕೂಚಿ ಮ್ಯಾನ್'. ಡಿಕ್ಸನ್ ಬರೆದದ್ದು, ಮಡ್ಡಿ ವಾಟರ್ಸ್ 1954ರಲ್ಲಿ ಶಿಕಾಗೊದ ಚೆಸ್ ರೆಕಾರ್ಡ್ ಕಂಪನಿಗೆ ಹಾಡಿದ್ದು. ವಾದ್ಯಗಳು ಒಂದು ಏಟು ಕೊಟ್ಟು ನಿಲ್ಲುತ್ತವೆ, ಆ ಬಿಡುವಿನಲ್ಲಿ ಮಡ್ಡಿ ದನಿ ಬರುತ್ತದೆ. ಮತ್ತೆ ಏಟು, ಮತ್ತೆ ದನಿ. ಈ ಉಪಾಯವನ್ನು ಆಮೇಲೆ ರಾಕ್ ಸಂಗೀತದವರು ಎಷ್ಟು ಸಲ ಬಳಸಿದ್ದಾರೋ ಲೆಕ್ಕವಿಲ್ಲ. ಕ್ಲಾಪ್ಟನ್ ಇಲ್ಲಿ ಮಡ್ಡಿಯ ದನಿಯನ್ನೇ ಅನುಕರಿಸಲು ಹೋಗುತ್ತಾರೆ. ಗಂಟಲು ದಪ್ಪ ಮಾಡಿಕೊಳ್ಳುತ್ತಾರೆ. ನನ್ನ ಮಟ್ಟಿಗೆ ಆಲ್ಬಮ್‌ನಲ್ಲಿ ಎಡವಿರುವುದು ಇಲ್ಲೇ. ಮಡ್ಡಿ ಈ ಹಾಡಿನ ಜಂಬದ ಮಾತು ಹೇಳುವಾಗ ಶ್ರಮವೇ ಕಾಣುವುದಿಲ್ಲ. ಮಿಸಿಸಿಪ್ಪಿಯ ಹತ್ತಿ ಹೊಲದಲ್ಲಿ ಕೆಲಸ ಮಾಡಿ, 1943ರಲ್ಲಿ ಶಿಕಾಗೊಗೆ ಬಂದು, ಅಲ್ಲಿ ರಾಜನ ಹಾಗೆ ಮೆರೆದ ಮನುಷ್ಯನ ದನಿ ಅದು. ಅದನ್ನು ಎರವಲು ತರಲಾಗುವುದಿಲ್ಲ. ಆದರೆ ಹಿಂದೆ ಹಾರ್ಮೋನಿಕಾ ಊದುವವರನ್ನು ಗಮನಿಸಿ. ಅವರು ಜೆರ್ರಿ ಪೋರ್ಟ್‌ನಾಯ್. 1970ರ ದಶಕದಲ್ಲಿ ಮಡ್ಡಿಯ ತಂಡದಲ್ಲೇ ಊದಿದವರು. 'ಸ್ಟ್ಯಾಂಡಿನ್ ರೌಂಡ್ ಕ್ರೈಯಿಂಗ್' ಹಾಡಿನಲ್ಲಿ ಅವರ ಊದು ಕೇಳಿ, ಹಳೆಯ ಶಿಕಾಗೊ ಅಂದರೆ ಏನು ಅಂತ ಅರ್ಥವಾಗುತ್ತದೆ.

ನನಗೆ ತುಂಬಾ ಇಷ್ಟವಾದ ಎರಡು ಹಾಡು ಕೊನೆಯ ಭಾಗದಲ್ಲಿವೆ. ಒಂದು ಫ್ರೆಡ್ಡಿ ಕಿಂಗ್ ಅವರ 'ಸಮ್‌ಡೇ ಆಫ್ಟರ್ ಎ ವೈಲ್'. ಕಿಂಗ್ ಟೆಕ್ಸಾಸ್‌ನವರು. ತಂತಿ ಮೀಟಲು ಹೆಬ್ಬೆರಳಿಗೆ ಪ್ಲಾಸ್ಟಿಕ್ ಪಿಕ್, ತೋರುಬೆರಳಿಗೆ ಲೋಹದ ಪಿಕ್ ಹಾಕಿಕೊಂಡು ನುಡಿಸುತ್ತಿದ್ದರು. ಒಂದೊಂದು ಸ್ವರವೂ ಮೊನಚು. 1974ರಲ್ಲಿ ಅವರ ಆಲ್ಬಮ್ ಒಂದರಲ್ಲಿ ಕ್ಲಾಪ್ಟನ್ ಜೊತೆಗೆ ನುಡಿಸಿದ್ದರು. ಎರಡು ವರ್ಷಕ್ಕೇ ಕಿಂಗ್ ತೀರಿಕೊಂಡರು, ಆಗ ಅವರಿಗೆ ಬರೀ 42. ಈ ಹಾಡಿನಲ್ಲಿ ಕ್ಲಾಪ್ಟನ್ ಯಾರ ದನಿಯನ್ನೂ ಅನುಕರಿಸುವುದಿಲ್ಲ. ತಮ್ಮದೇ ದನಿಯಲ್ಲಿ ಬೇಡಿಕೊಳ್ಳುತ್ತಾರೆ. ಹಿತ್ತಾಳೆ ವಾದ್ಯಗಳು ಹಿಂದೆ ಮೆಲ್ಲಗೆ ಏಳುತ್ತವೆ.

ಇನ್ನೊಂದು ಕಟ್ಟಕಡೆಯ ಹಾಡು, 'ಗ್ರೋನಿಂಗ್ ದ ಬ್ಲೂಸ್'. ಇದೂ ಡಿಕ್ಸನ್ ಬರೆದದ್ದು. 1957ರಲ್ಲಿ ಓಟಿಸ್ ರಶ್ ಹಾಡಿದ್ದು. ರಶ್ ಎಡಗೈಯವರು. ಬಲಗೈಯವರ ಹಾಗೆ ಕಟ್ಟಿದ ತಂತಿಗಳನ್ನು ಹಾಗೇ ಬಿಟ್ಟು, ಗಿಟಾರನ್ನು ತಿರುಗಿಸಿ ಹಿಡಿಯುತ್ತಿದ್ದರು. ಅಂದರೆ ತೆಳು ತಂತಿ ಮೇಲೆ, ದಪ್ಪ ತಂತಿ ಕೆಳಗೆ. ಬೇರೆ ಗಿಟಾರಿಸ್ಟ್‌ಗಳು ತೆಳು ತಂತಿಯನ್ನು ಮೇಲಕ್ಕೆ ತಳ್ಳಿ ಸ್ವರ ಏರಿಸುತ್ತಾರೆ. ರಶ್ ಕೆಳಕ್ಕೆ ಎಳೆಯುತ್ತಿದ್ದರು. ಇಡೀ ಕೈಯ ಭಾರ ಆ ಎಳೆತದಲ್ಲಿ ಇರುತ್ತದೆ. ವೀಣೆ ಕೇಳುವವರಿಗೆ ಇದು ಬೇಗ ಹಿಡಿಸುತ್ತದೆ. ತಂತಿ ಎಳೆದು ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲೇ ಸಂಗೀತ ಇದೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಬ್ಲೂಸ್‌ನಲ್ಲೂ ಪಿಯಾನೊದ ಎರಡು ಮನೆಗಳ ನಡುವೆ ಬೀಳುವ ಗಾಂಧಾರ ಇದೆ. ರಶ್ ಅಲ್ಲೇ ಓಡಾಡುತ್ತಾರೆ.

ಕ್ಲಾಪ್ಟನ್ ಬಲಗೈಯವರು. ರಶ್ ಎಳೆತ ಅವರ ಕೈಗೆ ಹಾಗೇ ಬರುವುದಿಲ್ಲ. ಆದರೂ ಆ ಹಾಡಿನಲ್ಲಿ ಅವರು ಒಂದು ಸ್ವರವನ್ನು ತಳ್ಳಿ ಹಿಡಿದು, ನಡುಗಿಸಿ, ಬಿಡದೆ ನಿಲ್ಲಿಸಿಕೊಳ್ಳುವುದನ್ನು ಗಮನಿಸಿ. ವೇಗ ಇಲ್ಲ, ತೋರಿಕೆ ಇಲ್ಲ. ರಶ್ ಎಲ್ಲಿ ಉಸಿರು ಬಿಡುತ್ತಿದ್ದರೋ ಇವರೂ ಅಲ್ಲೇ ಬಿಡುತ್ತಾರೆ. ನಕಲು ಅನ್ನುವವರು ಈ ಹಾಡನ್ನು ಇನ್ನೊಮ್ಮೆ ಕೇಳಬೇಕು. ಸ್ವರಗಳನ್ನು ಕದಿಯಬಹುದು. ಎಲ್ಲಿ ಸುಮ್ಮನಿರಬೇಕು ಅನ್ನುವುದನ್ನು ವರ್ಷಗಟ್ಟಲೆ ಕೇಳಿಯೇ ಕಲಿಯಬೇಕು.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಲೆರಾಯ್ ಕಾರ್ ಅವರ ಎರಡು ಹಾಡುಗಳಿವೆ. ಈ ಪಿಯಾನೊ ವಾದಕ 30 ವರ್ಷಕ್ಕೇ ತೀರಿಕೊಂಡರು. 1928ರ ಅವರ 'ಹೌ ಲಾಂಗ್' 12 ಬಾರ್ ಅಲ್ಲ, ಎಂಟೇ ಬಾರ್. ಅಟ್ಲಾಂಟಾದ ಬಾರ್ಬೆಕ್ಯೂ ಬಾಬ್ ಅವರ 'ಮದರ್‌ಲೆಸ್ ಚೈಲ್ಡ್' 1927ರದ್ದು. ಇದನ್ನು ಕ್ಲಾಪ್ಟನ್ ತುಂಬಾ ಹಗುರವಾಗಿ, ಕುಣಿಸುತ್ತಾ ನುಡಿಸಿದ್ದಾರೆ. ರೇಡಿಯೋದವರಿಗೆ ಇಷ್ಟವಾಯಿತು. ನನಗೆ ಅಷ್ಟೇನೂ ಅಲ್ಲ. ಮಡ್ಡಿಯ ತಂಡದ ಗಿಟಾರಿಸ್ಟ್ ಜಿಮ್ಮಿ ರಾಜರ್ಸ್, ಲೋವೆಲ್ ಫುಲ್ಸನ್, ಚಾರ್ಲ್ಸ್ ಬ್ರೌನ್, ಇವರ ಹಾಡುಗಳೂ ಇವೆ. ಈ ಮೂವರೂ, ಓಟಿಸ್ ರಶ್ ಕೂಡ, ಆಲ್ಬಮ್ ಬಂದಾಗ ಬದುಕಿದ್ದರು.

ಅದು ಯಾಕೆ ಮುಖ್ಯ ಅಂದರೆ, ಇಲ್ಲಿ ದುಡ್ಡಿನ ವಿಷಯವೂ ಇದೆ. ಬ್ಲೂಸ್ ಬರೆದವರಿಗೆ ಸಿಗಬೇಕಾದದ್ದು ಸಿಗದೆ ಹೋದ ಕಥೆಗಳು ಒಂದೆರಡಲ್ಲ. ವಿಲ್ಲಿ ಡಿಕ್ಸನ್ 1985ರಲ್ಲಿ ಬ್ರಿಟನ್ನಿನ ರಾಕ್ ತಂಡ ಲೆಡ್ ಜೆಪ್ಲಿನ್ ಮೇಲೆ ಮೊಕದ್ದಮೆ ಹೂಡಬೇಕಾಯಿತು. ಅವರ ಹಾಡಿನ ಸಾಲುಗಳು ಹೆಸರಿಲ್ಲದೆ ಬಳಕೆಯಾಗಿದ್ದವು. ಅದು ಕೋರ್ಟಿನ ಹೊರಗೆ ಇತ್ಯರ್ಥವಾಯಿತು. ಇದಕ್ಕೆ ತದ್ವಿರುದ್ಧ ಉದಾಹರಣೆಯೂ ಇದೆ. 1966ರಲ್ಲಿ ಕ್ರೀಮ್ ತಂಡ ಮಿಸಿಸಿಪ್ಪಿಯ ಸ್ಕಿಪ್ ಜೇಮ್ಸ್ ಅವರ ಹಾಡೊಂದನ್ನು ಅವರ ಹೆಸರು ಹಾಕಿಯೇ ಹಾಡಿತು. ಕಾಯಿಲೆ ಬಿದ್ದಿದ್ದ ಜೇಮ್ಸ್ ಅವರಿಗೆ ಕೊನೆಗಾಲದಲ್ಲಿ ಆ ರಾಯಧನ ಆಸ್ಪತ್ರೆ ಖರ್ಚಿಗೆ ಒದಗಿತು. ಆಲ್ಬಮ್‌ನ ಹಿಂಬದಿಯಲ್ಲಿ ಹಾಡಿನ ಪಕ್ಕ ಸಣ್ಣಕ್ಷರದಲ್ಲಿ ಬರೆಯುವ ಹೆಸರಿಗೆ ಇಷ್ಟು ತೂಕ ಇದೆ.

ಇನ್ನೊಂದು ಮಾತನ್ನು ಬಿಟ್ಟು ಹೋಗಲು ನನಗೆ ಮನಸ್ಸಿಲ್ಲ. 1976ರ ಆಗಸ್ಟ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ನ ವೇದಿಕೆಯ ಮೇಲೆ ಕುಡಿದಿದ್ದ ಕ್ಲಾಪ್ಟನ್ ವಲಸಿಗರ ವಿರುದ್ಧ, ಎನೋಕ್ ಪೊವೆಲ್ ಎಂಬ ರಾಜಕಾರಣಿಯ ಪರವಾಗಿ ಕೆಟ್ಟದಾಗಿ ಮಾತಾಡಿದರು. ಜೀವನವಿಡೀ ಕಪ್ಪು ಜನರ ಸಂಗೀತದಿಂದ ಬೆಳೆದವರು, ಎರಡೇ ವರ್ಷ ಮುಂಚೆ ಜಮೈಕಾದ ಬಾಬ್ ಮಾರ್ಲಿ ಹಾಡಿನಿಂದ ಅಮೆರಿಕದಲ್ಲಿ ಒಂದನೇ ಸ್ಥಾನಕ್ಕೆ ಹೋದವರು ಆಡಿದ ಮಾತು ಅದು. ಅದಕ್ಕೆ ಉತ್ತರವಾಗಿಯೇ 'ರಾಕ್ ಅಗೇನ್ಸ್ಟ್ ರೇಸಿಸಂ' ಚಳವಳಿ ಹುಟ್ಟಿತು. ಬಹಳ ಕಾಲದ ನಂತರ ಅವರು ಅದಕ್ಕೆ ನಾಚಿಕೆಯಾಗುತ್ತದೆ ಅಂದರು. 'ಫ್ರಮ್ ದ ಕ್ರೇಡಲ್' ಆ ಮಾತನ್ನು ಅಳಿಸುವುದಿಲ್ಲ. ಆಲ್ಬಮ್ ಚೆನ್ನಾಗಿದೆ ಅಂತ ಆ ರಾತ್ರಿಯನ್ನು ಮರೆಯಲೂ ಬೇಡ, ಆ ರಾತ್ರಿಯಿಂದಾಗಿ ಬಾಯ್ಡ್, ರಶ್, ಕಿಂಗ್ ಇವರ ಹಾಡುಗಳನ್ನು ಕೇಳದೆ ಇರಲೂ ಬೇಡ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡೇ ನಾನು ಇದನ್ನು ಕೇಳುತ್ತೇನೆ.

ಮನೆಗೆ ಹೋಗಿ ಕೇಳುವವರಿಗೆ ಒಂದು ಸಲಹೆ. ಆಲ್ಬಮ್ ಪೂರ್ತಿ ಒಂದೇ ಸಲ ಕೇಳಬೇಡಿ. ಒಂದು ಹಾಡು ಕೇಳಿ, ತಕ್ಷಣ ಅದರ ಮೂಲ ಹುಡುಕಿ ಹಾಕಿ. ಬಾಯ್ಡ್ ಅವರ ಪಿಯಾನೊದಿಂದ ಶುರು ಮಾಡಿ, ಅಲ್ಲಿಂದ ಮಡ್ಡಿ ವಾಟರ್ಸ್‌ಗೆ ಬನ್ನಿ, ಲೆರಾಯ್ ಕಾರ್ ಅವರನ್ನು ರಾತ್ರಿಗೆ ಇಟ್ಟುಕೊಳ್ಳಿ. ಈಗ ಓಟಿಸ್ ರಶ್ ಅವರ 1957ರ ರೆಕಾರ್ಡಿಂಗ್ ಹಾಕುತ್ತೇನೆ, ಅದರ ಬೆನ್ನಿಗೇ ಕ್ಲಾಪ್ಟನ್ ಅವರದ್ದು. ಎರಡೂ ಮುಗಿದ ಮೇಲೆ ನಿಮ್ಮ ಪ್ರಶ್ನೆಗಳಿಗೆ ಬರೋಣ.