ಚಗಳಿ ಗೂಡಿನ ಮುಂದೆ ಒಂದು ಗಂಟೆ

ಕೇಳುಗರಿಗೆ ನಮಸ್ಕಾರ.

ವಾರವಿಡೀ ಕಂಪ್ಯೂಟರ್ ಪರದೆಯ ಮುಂದೆ ದುಡಿದವರು ಶನಿವಾರ ಬೆಳಗಿನ ಜಾವ ಬೆಂಗಳೂರು ಬಿಟ್ಟು ಚಿಕ್ಕಮಗಳೂರಿಗೋ ಸಕಲೇಶಪುರಕ್ಕೋ ಹೊರಡುವುದು ಈಗ ವಾಡಿಕೆಯಾಗಿದೆ. ಇದಕ್ಕೆ 'ಡಿಜಿಟಲ್ ಉಪವಾಸ' ಎಂಬ ಹೆಸರೂ ಬಿದ್ದಿದೆ. ಆದರೆ ರಾಜ್ಯದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ರಜೆಯ ದಿನ ನಿಂತು ನೋಡಿದರೆ, ಬೆಟ್ಟಸಾಲನ್ನು ನೋಡುವವರಿಗಿಂತ ಅದಕ್ಕೆ ಬೆನ್ನು ಹಾಕಿ ಸೆಲ್ಫಿ ತೆಗೆದುಕೊಳ್ಳುವವರೇ ಹೆಚ್ಚಾಗಿ ಕಾಣುತ್ತಾರೆ. ಏಕಾದಶಿಯ ದಿನ ಅನ್ನ ಬಿಟ್ಟು, ಫಲಾಹಾರದ ಹೆಸರಿನಲ್ಲಿ ಎರಡು ತಟ್ಟೆ ಉಪ್ಪಿಟ್ಟು ಮುಗಿಸುವ ಉಪವಾಸಕ್ಕಿಂತ ಇದು ಬೇರೆಯೇನಲ್ಲ. ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿಯನ್ನೂ ಅಂತರ್ಜಾಲದಲ್ಲೇ ಕಾದಿರಿಸಬೇಕಾದ ಈ ಕಾಲದಲ್ಲಿ ಮೊಬೈಲಿನ ಸಹವಾಸವೇ ಬೇಡವೆನ್ನುವುದು ಸುಲಭವಲ್ಲ, ನಿಜ.

ಮೊಬೈಲನ್ನು ಬದಿಗಿಟ್ಟರೆ ಅರ್ಧ ಕೆಲಸವಷ್ಟೇ ಆಯಿತು. ಬಿಡುವಾದ ಕಣ್ಣಿಗೂ ಮನಸ್ಸಿಗೂ ನಿಧಾನವಾದ ಬೇರೊಂದು ಕೆಲಸವನ್ನು ಒದಗಿಸದಿದ್ದರೆ ಕೈ ಮತ್ತೆ ಮತ್ತೆ ಜೇಬಿಗೇ ಹೋಗುತ್ತದೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳಾದ ರೇಚೆಲ್ ಮತ್ತು ಸ್ಟೀಫನ್ ಕ್ಯಾಪ್ಲನ್ ದಂಪತಿ ಇದರ ಕಾರಣವನ್ನು ವಿವರಿಸಲು ಒಂದು ಸಿದ್ಧಾಂತವನ್ನು ರೂಪಿಸಿದರು. ಲೆಕ್ಕಪತ್ರ ನೋಡುವಾಗ, ವಾಹನ ಓಡಿಸುವಾಗ ನಾವು ಪ್ರಯತ್ನಪೂರ್ವಕವಾಗಿ ಹಿಡಿದಿಡುವ ಗಮನವು ಬಳಸಿದಷ್ಟೂ ದಣಿಯುತ್ತದೆ. ಹರಿಯುವ ನೀರು, ಗಾಳಿಗೆ ಅಲುಗುವ ಎಲೆ, ಚಲಿಸುವ ಮೋಡ ಇವು ನಮ್ಮಿಂದ ಯಾವ ಪ್ರಯತ್ನವನ್ನೂ ಬೇಡದೆ ಮನಸ್ಸನ್ನು ಮೃದುವಾಗಿ ಹಿಡಿದಿಡುವುದರಿಂದ, ಆ ಹೊತ್ತಿನಲ್ಲಿ ದಣಿದ ಗಮನ ಚೇತರಿಸಿಕೊಳ್ಳುತ್ತದೆ ಎಂಬುದು ಅವರ ವಾದ. ಮೊಬೈಲ್ ಪರದೆಯೂ ಮನಸ್ಸನ್ನು ಹಿಡಿಯುತ್ತದೆಯಲ್ಲವೇ ಎಂದು ಕೇಳಬಹುದು. ಅದು ಹಿಡಿಯುವುದಷ್ಟೇ ಅಲ್ಲ, ಗಳಿಗೆಗೊಮ್ಮೆ ಜಗ್ಗುತ್ತದೆ. ನೋಡಿದ್ದನ್ನು ಪೂರ್ತಿ ನೋಡಲೂ ಬಿಡದೆ ಮುಂದಿನದಕ್ಕೆ ದೂಡುತ್ತದೆ.

ನಿಧಾನವಾದ ಕೆಲಸವೆಂದರೆ ಎಂಥದು? ಮಲೆನಾಡಿನವರಿಗೆ ಚಟ್ನಿಯ ಮೂಲಕವೂ ಪರಿಚಿತವಾದ ಚಗಳಿ, ಅಂದರೆ ಮರದ ಮೇಲೆ ಎಲೆಗಳನ್ನು ಹೊಲಿದು ಗೂಡು ಕಟ್ಟುವ ಕೆಂಪಿರುವೆಯನ್ನೇ ತೆಗೆದುಕೊಳ್ಳಿ. ಮಾವಿನ ಮರದಲ್ಲಿ ಗೂಡು ಕಟ್ಟುತ್ತಿರುವ ಚಗಳಿ ಕಂಡರೆ, ಕಚ್ಚಿಸಿಕೊಳ್ಳದಷ್ಟು ದೂರದಲ್ಲಿ ನಿಲ್ಲಿ. ಒಂದಷ್ಟು ಇರುವೆಗಳು ಎಲೆಯ ಅಂಚಿನಲ್ಲಿ ಸಾಲಾಗಿ ನಿಂತು, ಎದುರಿನ ಎಲೆಯ ಅಂಚನ್ನು ದವಡೆಯಲ್ಲಿ ಕಚ್ಚಿ ಎಳೆಯುತ್ತವೆ. ನಡುವಿನ ಅಂತರ ಹೆಚ್ಚಾಗಿದ್ದರೆ ಒಂದರ ಸೊಂಟವನ್ನು ಇನ್ನೊಂದು ಹಿಡಿದು ಸರಪಳಿಯಾಗುತ್ತವೆ. ಅಂಚುಗಳು ಕೂಡಿದ ಮೇಲೆ ಬೇರೆ ಇರುವೆಗಳು ತಮ್ಮದೇ ಮರಿಹುಳುಗಳನ್ನು ಬಾಯಲ್ಲಿ ಹಿಡಿದು ತಂದು, ಅವು ಸ್ರವಿಸುವ ರೇಷ್ಮೆಯ ಎಳೆಯನ್ನು ಈ ಎಲೆಯಿಂದ ಆ ಎಲೆಗೆ ಆಡಿಸುತ್ತಾ ಹೊಲಿಯುತ್ತವೆ. ಈ ಕೆಲಸ ಒಂದೆರಡು ನಿಮಿಷಕ್ಕೆ ಮುಗಿಯುವಂಥದಲ್ಲ. ಪೂರ್ತಿ ಕಾಣಬೇಕಾದರೆ ನಾವೂ ಅವುಗಳ ವೇಗಕ್ಕೆ ಇಳಿಯಬೇಕಾಗುತ್ತದೆ. ಹೀಗೆ ನೋಡುತ್ತಾ ನಿಂತ ಮಗುವಿಗೆ ಮೊಬೈಲ್ ಬೇಡವೆಂದು ಹೇಳುವ ಅಗತ್ಯ ಅಷ್ಟಾಗಿ ಬೀಳುವುದಿಲ್ಲ.

ಹಸಿರಿನ ನೋಟದಿಂದ ದೇಹಕ್ಕೂ ಪ್ರಯೋಜನವಿದೆಯೇ ಎಂಬ ಪ್ರಶ್ನೆಗೆ ರೋಜರ್ ಉಲ್ರಿಚ್ ಎಂಬ ಸಂಶೋಧಕರು 1984ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಇಂದಿಗೂ ಉಲ್ಲೇಖಿಸುತ್ತಾರೆ. ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ, ಕಿಟಕಿಯಿಂದ ಮರಗಳು ಕಾಣುತ್ತಿದ್ದ ರೋಗಿಗಳು ಇಟ್ಟಿಗೆಯ ಗೋಡೆಯಷ್ಟೇ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಮರಳಿದ್ದರು. ತೀವ್ರವಾದ ನೋವುನಿವಾರಕಗಳೂ ಅವರಿಗೆ ಕಡಿಮೆ ಬೇಕಾಗಿದ್ದವು. ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿಯನ್ನು ಆಧರಿಸಿ 2019ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ವಾರಕ್ಕೆ 120 ನಿಮಿಷವಾದರೂ ಪ್ರಕೃತಿಯ ನಡುವೆ ಕಳೆಯುವವರಲ್ಲಿ ತಮ್ಮ ಆರೋಗ್ಯ ಚೆನ್ನಾಗಿದೆ ಎಂದವರ ಪ್ರಮಾಣ ಹೆಚ್ಚಾಗಿತ್ತು. ಆರೋಗ್ಯವಂತರೇ ಹೆಚ್ಚಾಗಿ ಹೊರಗೆ ಅಡ್ಡಾಡುತ್ತಾರೆ ಎಂಬ ಸಾಧ್ಯತೆಯೂ ಇರುವುದರಿಂದ ಇದನ್ನು ವೈದ್ಯರ ಚೀಟಿಯಂತೆ ಓದಬೇಕಾಗಿಲ್ಲ. ಆ ಎರಡು ಗಂಟೆಯನ್ನು ಒಂದೇ ಸಲ ಕಳೆದರೂ ಹಲವು ಸಲ ಕಳೆದರೂ ಫಲಿತಾಂಶದಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂಬ ಅಂಶ ಮಾತ್ರ ನನಗೆ ಮುಖ್ಯವಾಗಿ ತೋರುತ್ತದೆ.

ಏಕೆಂದರೆ, ಹಾಗಿದ್ದರೆ ದುಬಾರಿ ರೆಸಾರ್ಟ್ ಬೇಕಿಲ್ಲ. ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆಯ ಏರಿ ಇದೆ, ಧಾರವಾಡದವರಿಗೆ ಸಾಧನಕೇರಿ ಇದೆ. ಬೆಂಗಳೂರಿನವರು ಲಾಲ್‌ಬಾಗಿನ ಬಂಡೆಯ ಮೇಲೆ ಕುಳಿತರೆ, ಸುಮಾರು 300 ಕೋಟಿ ವರ್ಷ ಹಳೆಯದಾದ ಶಿಲೆಯ ಮೇಲೆ ಕುಳಿತಿರುತ್ತಾರೆ. ಅಲ್ಲಿಂದ ದೂರಕ್ಕೆ ದೃಷ್ಟಿ ಹಾಯಿಸಿದಾಗ, ಹತ್ತಿರದ ಪರದೆಯನ್ನು ನೋಡಲೆಂದು ದಿನವಿಡೀ ಬಿಗಿದುಕೊಂಡಿದ್ದ ಕಣ್ಣಿನೊಳಗಿನ ಸ್ನಾಯು ಸಡಿಲಗೊಳ್ಳುತ್ತದೆ.

ಹೊರಡುವ ಮುನ್ನ ಕೈಗೆ ಗಡಿಯಾರ ಕಟ್ಟಿಕೊಳ್ಳಿ. ಹೊತ್ತು ನೋಡುವ ನೆಪದಲ್ಲೇ ಮೊಬೈಲ್ ಹೊರಗೆ ಬರುವುದು ಹೆಚ್ಚು. ಒಂಟಿಯಾಗಿ ಹೋಗುವವರು, ವಯಸ್ಸಾದವರು, ಮನೆಯಲ್ಲಿ ಕಾಯಿಲೆಯವರನ್ನು ಬಿಟ್ಟು ಬಂದವರು ಮೊಬೈಲನ್ನು ಮನೆಯಲ್ಲಿ ಬಿಡಬೇಕಾಗಿಲ್ಲ; ಇಂಟರ್ನೆಟ್ ನಿಲ್ಲಿಸಿ, ಕರೆ ಬಂದರೆ ಕೇಳಿಸುವಂತೆ ಚೀಲದ ತಳದಲ್ಲಿಟ್ಟುಕೊಂಡರೆ ಸಾಕು. ಘಟ್ಟದ ಕಾಡಿಗೆ ಹೋಗುವವರು ಮಾತ್ರ, ಅಲ್ಲಿ ಹಲವೆಡೆ ಸಿಗ್ನಲ್ಲೇ ಸಿಗುವುದಿಲ್ಲವಾದ್ದರಿಂದ, ಮೊಬೈಲ್ ಜೊತೆಗಿದ್ದರೂ ಇಲ್ಲದಿದ್ದರೂ, ಹೋಗುವ ದಾರಿಯನ್ನೂ ಮರಳುವ ಹೊತ್ತನ್ನೂ ಮನೆಯವರಿಗೆ ಹೇಳಿಯೇ ಹೊರಡಬೇಕು. ನಮಸ್ಕಾರ.