ಹಾಳಾದ ಡಿವಿಡಿ ಡ್ರೈವ್‌ನಿಂದ ಮೊಬೈಲ್ ಮೈಕ್ರೋಸ್ಕೋಪ್

ನಮಸ್ಕಾರ. ನಿಮ್ಮ ಮನೆಯ ಅಟ್ಟದ ಮೇಲೆ ಹಳೇ ಕಂಪ್ಯೂಟರ್ ಏನಾದರೂ ಬಿದ್ದಿದೆಯಾ? ಇದ್ದರೆ ಅದನ್ನು ಗುಜರಿಗೆ ಹಾಕುವ ಮುಂಚೆ ಅದರ ಡಿವಿಡಿ ಡ್ರೈವ್ ಬಿಚ್ಚಿಟ್ಟುಕೊಳ್ಳಿ. ಅದರೊಳಗೆ ನಾಲ್ಕೈದು ಮಿಲಿಮೀಟರ್ ಅಗಲದ ಒಂದು ಪುಟ್ಟ ಲೆನ್ಸ್ ಇರುತ್ತದೆ. ಅದನ್ನು ಮೊಬೈಲ್ ಕ್ಯಾಮೆರಾ ಮೇಲೆ ಕೂರಿಸಿದರೆ ಈರುಳ್ಳಿ ಪೊರೆಯ ಒಂದೊಂದು ಜೀವಕೋಶವೂ ಬೇರೆ ಬೇರೆ ಕಾಣುತ್ತದೆ.

ಈಗ ನೀವು ನೋಡುತ್ತಿರುವುದು ಬೆಂಗಳೂರಿನ ಎಸ್.ಪಿ. ರೋಡ್. ಎಲೆಕ್ಟ್ರಾನಿಕ್ಸ್ ಹುಚ್ಚು ಇರುವ ಯಾರಿಗಾದರೂ ಈ ರಸ್ತೆ ಗೊತ್ತಿರುತ್ತದೆ. ಒಂದು ಅಂಗಡಿಯಲ್ಲಿ ಬರೀ ಕನೆಕ್ಟರ್, ಇನ್ನೊಂದರಲ್ಲಿ ಬರೀ ಮೋಟಾರ್, ಮುಂದೆ ಹೋದರೆ ಆರ್ಡುಯಿನೋ ಬೋರ್ಡು, ಸೆನ್ಸರ್. ಹಳೇ ಕಂಪ್ಯೂಟರ್ ಬಿಡಿಭಾಗಗಳೂ ಇಲ್ಲಿ ಸಿಗುತ್ತವೆ. ಕೆಟ್ಟ ಡಿವಿಡಿ ಡ್ರೈವ್ ಬೇಕು ಅಂತ ಕೇಳಿದೆ. ಅಂಗಡಿಯವರು, "ಕೆಟ್ಟಿದ್ದೇ ಬೇಕಾ ಸಾರ್?" ಅಂತ ಇನ್ನೊಮ್ಮೆ ಕೇಳಿ ಖಚಿತ ಮಾಡಿಕೊಂಡರು. ಏನು ಮಾಡುತ್ತೇನೆ ಎಂದು ಹೇಳಿದ ಮೇಲೆ ಅವರೇ ಎರಡು ಮೂರು ಹುಡುಕಿ ತೆಗೆದು, ಲೆನ್ಸ್ ಗೀಚಿಲ್ಲದ್ದನ್ನು ಆರಿಸಿಕೊಟ್ಟರು. ನಿಮ್ಮ ಊರಿನ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲೂ ಇದು ಖಂಡಿತ ಸಿಗುತ್ತದೆ.

ಈಗ ಬಿಚ್ಚೋಣ. ಕೆಳಗಡೆ ನಾಲ್ಕು ಸ್ಕ್ರೂ ಇವೆ. ಮುಂದುಗಡೆಯ ಸಣ್ಣ ತೂತಿಗೆ ಪಿನ್ ಚುಚ್ಚಿದರೆ ಟ್ರೇ ಹೊರಗೆ ಬರುತ್ತದೆ. ಒಳಗೆ ಎರಡು ಸ್ಟೀಲ್ ಕಡ್ಡಿಗಳ ಮೇಲೆ ಜಾರುವ ಒಂದು ಭಾಗ ಇದೆ, ನೋಡಿ. ಅದರ ತಲೆ ಮೇಲೆ ನೀಲಿ ಮಿಂಚು ಇರುವುದೇ ನಮ್ಮ ಲೆನ್ಸ್.

ಇನ್ನೂ ಕೀಳಬೇಡಿ. ಮೊದಲು ಬೆರಳ ತುದಿಯಲ್ಲಿ ಮೆಲ್ಲಗೆ ಅದರ ಪಕ್ಕವನ್ನು ತಳ್ಳಿ ನೋಡಿ. ಅಲುಗಾಡುತ್ತದೆ ಅಲ್ವಾ? ಲೆನ್ಸ್ ನಿಂತಿರುವುದು ಕೂದಲಿನಷ್ಟು ತೆಳುವಾದ ತಂತಿಗಳ ಮೇಲೆ. ಅಕ್ಕಪಕ್ಕ ಪುಟ್ಟ ತಂತಿಸುರುಳಿ, ಅದರಾಚೆ ಆಯಸ್ಕಾಂತ. ಡಿಸ್ಕ್ ತಿರುಗುವಾಗ ಪೂರ್ತಿ ಸಮತಟ್ಟಾಗಿ ತಿರುಗುವುದಿಲ್ಲ, ಸ್ವಲ್ಪ ಮೇಲೆ ಕೆಳಗೆ ಆಡುತ್ತದೆ. ಆ ಅಲುಗಾಟಕ್ಕೆ ತಕ್ಕಂತೆ ಲೆನ್ಸ್ ಕೂಡ ಏರಿ ಇಳಿಯಬೇಕು. ಸುರುಳಿಗೆ ಕೊಡುವ ಕರೆಂಟ್ ಹೆಚ್ಚು ಕಡಿಮೆ ಮಾಡಿ ಅದನ್ನು ಕುಣಿಸುತ್ತಾರೆ. ಲೌಡ್‌ಸ್ಪೀಕರ್ ಕೆಲಸ ಮಾಡುವುದೂ ಇದೇ ತತ್ವದಲ್ಲಿ. ನಾವು ಸಿನಿಮಾ ನೋಡುತ್ತಾ ಕೂತಿದ್ದಾಗ ಒಳಗೆ ಇಷ್ಟೆಲ್ಲಾ ನಡೆಯುತ್ತಿತ್ತು. ಯಾರೂ ನೋಡದ ಜಾಗದಲ್ಲಿ ಇಷ್ಟು ಚೆಂದದ ಕೆಲಸ ಮಾಡಿಟ್ಟಿದ್ದಾರಲ್ಲ, ಅದಕ್ಕೇ ನನಗೆ ಹಳೇ ಯಂತ್ರಗಳನ್ನು ಬಿಚ್ಚುವುದೆಂದರೆ ಇಷ್ಟ.

ಒಂದು ಎಚ್ಚರಿಕೆ. ಬಿಚ್ಚಿದ ಡ್ರೈವ್‌ಗೆ ಯಾವ ಕಾರಣಕ್ಕೂ ಕರೆಂಟ್ ಕೊಡಬೇಡಿ. ಒಳಗಿನ ಲೇಸರ್ ಕಣ್ಣಿಗೆ ಬಿದ್ದರೆ ಶಾಶ್ವತವಾಗಿ ಹಾನಿ ಆಗಬಹುದು. ಡಿಸ್ಕ್ ಬರೆಯುವ ಡ್ರೈವ್ ಆದರಂತೂ ಲೇಸರ್ ಇನ್ನೂ ಜೋರು. ಮಕ್ಕಳು ಮಾಡುವುದಾದರೆ ದೊಡ್ಡವರು ಜೊತೆಯಲ್ಲಿರಿ.

ಸರಿ, ಈ ಲೆನ್ಸೇ ಯಾಕೆ? ಡಿವಿಡಿಯಲ್ಲಿ ಮಾಹಿತಿ ಇರುವುದು ಸುರುಳಿಯಾಗಿ ಸುತ್ತುವ ಸಾಲಿನಲ್ಲಿ. ಒಂದು ಸಾಲಿಗೂ ಪಕ್ಕದ ಸಾಲಿಗೂ ಇರುವ ದೂರ 0.74 ಮೈಕ್ರಾನ್. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗ ಒಂದು ಮೈಕ್ರಾನ್. ನಮ್ಮ ತಲೆಗೂದಲು 70 ಮೈಕ್ರಾನ್ ಆಸುಪಾಸು ದಪ್ಪ. ಅಂದರೆ ಒಂದು ಕೂದಲಿನ ಅಗಲದಲ್ಲಿ 90ಕ್ಕೂ ಹೆಚ್ಚು ಸಾಲು ಹಿಡಿಸುತ್ತವೆ! ಅದರಲ್ಲಿ ಒಂದೇ ಒಂದು ಸಾಲಿನ ಮೇಲೆ ಬೆಳಕನ್ನು ನಿಲ್ಲಿಸುವುದು ಈ ಲೆನ್ಸಿನ ಕೆಲಸ. ಅಷ್ಟು ನಿಖರವಾದ ಲೆನ್ಸ್ ಅಂಗಡಿಯಲ್ಲಿ ಬಿಡಿಯಾಗಿ ಕೊಳ್ಳಲು ಹೋದರೆ ಜಾಸ್ತಿ ದುಡ್ಡು ಆಗುತ್ತದೆ. ಲಕ್ಷಗಟ್ಟಲೆ ಡ್ರೈವ್‌ಗಳಿಗಾಗಿ ಅಚ್ಚಿನಲ್ಲಿ ಎರಕ ಹೊಯ್ದು ತಯಾರಿಸಿದ್ದರಿಂದ ಅದು ಗುಜರಿಯಲ್ಲಿ ಸಿಗುವಷ್ಟು ಅಗ್ಗವಾಯಿತು.

ಒಂದೇ ಲೆನ್ಸಿನ ಮೈಕ್ರೋಸ್ಕೋಪ್ ಹೊಸದೇನೂ ಅಲ್ಲ. 17ನೇ ಶತಮಾನದಲ್ಲಿ ನೆದರ್‌ಲೆಂಡ್ಸ್‌ನ ಡೆಲ್ಫ್ಟ್ ಊರಿನಲ್ಲಿ ಆಂಟೊನಿ ಫಾನ್ ಲೇವೆನ್‌ಹುಕ್ ಎಂಬ ಬಟ್ಟೆ ವ್ಯಾಪಾರಿ ಇದ್ದರು. ಎರಡು ಹಿತ್ತಾಳೆ ತಗಡಿನ ನಡುವೆ ಒಂದು ಸಣ್ಣ ಲೆನ್ಸ್, ನೋಡಬೇಕಾದ ವಸ್ತು ಒಂದು ಸೂಜಿ ಮೊನೆಯ ಮೇಲೆ. ಅದಕ್ಕೆ ಒಂದು ತಿರುಪು. ಇಡೀ ಸಾಧನ ಅಂಗೈಯಲ್ಲಿ ಹಿಡಿಸುತ್ತಿತ್ತು. ಅದರಲ್ಲಿ ಅವರು 1670ರ ದಶಕದಲ್ಲಿ ಕೆರೆ ನೀರಿನ ಸೂಕ್ಷ್ಮಜೀವಿಗಳನ್ನು, ಬ್ಯಾಕ್ಟೀರಿಯಾಗಳನ್ನು ಕಂಡರು. ಉಳಿದಿರುವ ಅವರ ಮೈಕ್ರೋಸ್ಕೋಪ್‌ಗಳಲ್ಲಿ ಎಲ್ಲಕ್ಕಿಂತ ಬಲವಾದದ್ದು ಸುಮಾರು 270 ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ. ಆ ಲೆನ್ಸ್ ಹೇಗೆ ಮಾಡಿದೆ ಅನ್ನುವುದನ್ನು ಅವರು ಯಾರಿಗೂ ಬಿಟ್ಟುಕೊಡಲಿಲ್ಲ. 2021ರಲ್ಲಿ ವಿಜ್ಞಾನಿಗಳು ಸಾಧನವನ್ನು ಬಿಚ್ಚದೆಯೇ ನ್ಯೂಟ್ರಾನ್ ಕಿರಣ ಹಾಯಿಸಿ ಒಳಗೆ ನೋಡಿದಾಗ, ಗಾಜನ್ನು ಕರಗಿಸಿ ಮಾಡಿದ ಒಂದು ಪುಟ್ಟ ಗುಂಡು ಕಂಡಿತು. ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ 1665ರಲ್ಲೇ ಬಹಿರಂಗವಾಗಿ ಬರೆದಿದ್ದ ವಿಧಾನವೇ ಅದಕ್ಕೆ ಹೊಂದುತ್ತಿತ್ತು.

ಗಾಜಿನ ಗುಂಡಿನ ಲೆಕ್ಕ ಸುಲಭ. ಗುಂಡು ಚಿಕ್ಕದಾದಷ್ಟೂ ಚಿತ್ರ ದೊಡ್ಡದು. ಆದರೆ ಗುಂಡು ಚಿಕ್ಕದಾದರೆ ವಸ್ತುವನ್ನು ಅದಕ್ಕೆ ತೀರಾ ಹತ್ತಿರ ಹಿಡಿಯಬೇಕು. ಒಂದಿಷ್ಟು ಅಲುಗಿದರೂ ಎಲ್ಲಾ ಮಸುಕು. ಹಾಗಾಗಿ ಒಳ್ಳೆ ಲೆನ್ಸ್ ಸಿಕ್ಕಿದ ಮೇಲೂ ನಿಜವಾದ ಕಷ್ಟ ಉಳಿಯುವುದು ಅದನ್ನು ಹಿಡಿದು ನಿಲ್ಲಿಸುವುದರಲ್ಲಿ. ಇದಕ್ಕೆ ನಾನು ಕಂಡ ಅತ್ಯಂತ ಚೆಂದದ ಉತ್ತರ ಒಂದು ಕಾಗದದ ಹಾಳೆಯಲ್ಲಿದೆ.

ಇದು ಫೋಲ್ಡ್‌ಸ್ಕೋಪ್, ಕಾಗದ ಮಡಚಿ ಮಾಡುವ ಮೈಕ್ರೋಸ್ಕೋಪ್. ಮನು ಪ್ರಕಾಶ್ ಮೀರತ್‌ನಲ್ಲಿ ಹುಟ್ಟಿ, ಕಾನ್ಪುರ ಐಐಟಿಯಲ್ಲಿ ಓದಿ, ಈಗ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಪ್ರಾಧ್ಯಾಪಕರು. ಅವರು ಮತ್ತು ಅವರ ವಿದ್ಯಾರ್ಥಿಯಾಗಿದ್ದ ಜಿಮ್ ಸಿಬುಲ್ಸ್ಕಿ ಸೇರಿ ಇದನ್ನು ರೂಪಿಸಿದರು. 2014ರಲ್ಲಿ ಪ್ರಬಂಧ ಪ್ರಕಟವಾಯಿತು. ಅದರ ಪ್ರಕಾರ ಇದರ ತೂಕ 8.8 ಗ್ರಾಂ. ಬಿಡಿಭಾಗಗಳ ಖರ್ಚು ಒಂದು ಡಾಲರಿಗಿಂತ ಕಡಿಮೆ. ಹತ್ತು ನಿಮಿಷದೊಳಗೆ ಮಡಚಿ ಜೋಡಿಸಬಹುದು. ಮೂರನೇ ಮಹಡಿಯಿಂದ ಬಿದ್ದರೂ, ಯಾರಾದರೂ ತುಳಿದರೂ ಏನೂ ಆಗುವುದಿಲ್ಲ. ಮಾಮೂಲಿ ಕಿಟ್‌ನ ಲೆನ್ಸ್ 140 ಪಟ್ಟು ದೊಡ್ಡದು ಮಾಡುತ್ತದೆ. ಪ್ರಯೋಗಾಲಯದಲ್ಲಿ 0.2 ಮಿಲಿಮೀಟರಿನ ಗುಂಡು ಹಾಕಿ ಎರಡು ಸಾವಿರ ಪಟ್ಟಿಗೂ ಮೀರಿ ಹೋಗಿದ್ದಾರೆ.

ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಮಡಿಕೆಗಳು. ಹೆಬ್ಬೆರಳಿನಿಂದ ಕಾಗದವನ್ನು ಒಂಚೂರು ತಳ್ಳಿದರೆ ಸಾಕು, ಫೋಕಸ್ ಬದಲಾಗುತ್ತದೆ. ಹಲ್ಲಿನ ಚಕ್ರ ಇಲ್ಲ, ಸ್ಪ್ರಿಂಗ್ ಇಲ್ಲ. ಕಾಗದ ಬಾಗಿ ಮತ್ತೆ ಸೆಟೆಯುವ ಗುಣವೇ ಇಲ್ಲಿ ಯಂತ್ರ. ಸರಿಯಾಗಿ ಮಡಚಿದರೆ ಲೆನ್ಸ್, ವಸ್ತು, ಬೆಳಕು ಮೂರೂ ತಾವಾಗಿ ಒಂದೇ ನೇರಕ್ಕೆ ಬರುತ್ತವೆ. ಒಂದು ಡಾಲರ್ ಒಳಗೆ ಮುಗಿಸಬೇಕು ಎಂದು ಹಟ ಹಿಡಿದಿರದಿದ್ದರೆ ಇಂಥ ಉಪಾಯ ಹೊಳೆಯುತ್ತಿತ್ತಾ? ನನಗೆ ಅನುಮಾನ. 2015ರಲ್ಲಿ ನಮ್ಮ ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆ ಇವರ ಜೊತೆ ಒಪ್ಪಂದ ಮಾಡಿಕೊಂಡ ಮೇಲೆ ಇಲ್ಲಿನ ಎಷ್ಟೋ ಶಾಲೆ ಕಾಲೇಜುಗಳಿಗೂ ಇದು ಬಂತು.

ಇದೇ ತಂಡದ ಇನ್ನೊಂದು ಕೆಲಸ ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಚಿಕ್ಕವರಿದ್ದಾಗ ಅಂಗಿ ಗುಂಡಿಗೆ ದಾರ ಪೋಣಿಸಿ, ಎರಡೂ ತುದಿ ಹಿಡಿದು ಗಿರ್ರನೆ ತಿರುಗಿಸುತ್ತಿದ್ದೆವಲ್ಲ, ಆ ಆಟ ನೆನಪಿದೆಯಾ? ಉಗಾಂಡಾದ ಒಂದು ಆರೋಗ್ಯ ಕೇಂದ್ರದಲ್ಲಿ ರಕ್ತ ಬೇರ್ಪಡಿಸುವ ಸೆಂಟ್ರಿಫ್ಯೂಜ್ ಯಂತ್ರ ಕರೆಂಟ್ ಇಲ್ಲದೆ ಬಾಗಿಲಿಗೆ ಒತ್ತು ಕೊಡುವ ವಸ್ತುವಾಗಿ ಕೂತಿದ್ದನ್ನು ಪ್ರಕಾಶ್ ಕಂಡಿದ್ದರು. ಆಮೇಲೆ ಅವರು, ಸಾದ್ ಭಾಮ್ಲಾ ಮತ್ತು ಸಂಗಡಿಗರು ಈ ಗುಂಡಿ ದಾರದ ಆಟವನ್ನೇ ಹಿಡಿದು ಅದರ ಗಣಿತ ಬಿಡಿಸಿದರು. 2017ರಲ್ಲಿ ಹೊರಬಂದ ಪೇಪರ್‌ಫ್ಯೂಜ್ ಕಾಗದದ ಬಿಲ್ಲೆ, ದಾರ ಮತ್ತು ಎರಡು ಹಿಡಿಕೆಯಿಂದ ಮಾಡಿದ್ದು. ತೂಕ ಎರಡು ಗ್ರಾಂ. ನಿಮಿಷಕ್ಕೆ 1,25,000 ಸುತ್ತು! ಒಂದೂವರೆ ನಿಮಿಷದಲ್ಲಿ ರಕ್ತದಿಂದ ಪ್ಲಾಸ್ಮಾ ಬೇರೆ ಆಗುತ್ತದೆ. ಕೈಯಿಂದಲೇ ಎಳೆಯುವುದು, ಬೇರೆ ಯಾವ ಶಕ್ತಿಯೂ ಬೇಡ.

ಈಗ ನಮ್ಮ ಸ್ಟ್ಯಾಂಡ್ ಮಾಡೋಣ. ಕಾಗದ ಮಡಚುವ ಅವರ ಜಾಣ್ಮೆ ನಮಗೆ ಬೇಡ, ಹಾರ್ಡ್‌ವೇರ್ ಅಂಗಡಿ ಸಾಕು. ಒಂದು ಪ್ಲೈವುಡ್ ತುಂಡು, ನಾಲ್ಕಿಂಚು ಉದ್ದದ, ಆರು ಎಂಎಂ ದಪ್ಪದ ಬೋಲ್ಟ್ ಮೂರು, ಒಂಬತ್ತು ನಟ್, ವಾಷರ್. ಮೇಲಕ್ಕೆ ಮತ್ತು ನಡುವಿಗೆ ಒಂದೊಂದು ಪಾರದರ್ಶಕ ಅಕ್ರಿಲಿಕ್ ಹಾಳೆ. ಪ್ಲೈವುಡ್‌ನಲ್ಲಿ ತ್ರಿಕೋನವಾಗಿ ಮೂರು ತೂತು ಕೊರೆದು ಬೋಲ್ಟ್ ನಿಲ್ಲಿಸಿ. ಮೇಲಿನ ಹಾಳೆ ಮೇಲೆ ಮೊಬೈಲ್ ಕೂರುತ್ತದೆ. ಅದರಲ್ಲಿ ಕ್ಯಾಮೆರಾ ಬರುವ ಜಾಗಕ್ಕೆ ಒಂದು ತೂತು ಮಾಡಿ, ಆ ತೂತಿನಲ್ಲಿ ಲೆನ್ಸ್. ನಡುವಿನ ಹಾಳೆ ನಟ್‌ಗಳ ಮೇಲೆ ಕೂರುತ್ತದೆ. ನಾವು ನೋಡುವ ವಸ್ತು ಅದರ ಮೇಲೆ.

ಈಗ ಡ್ರೈವ್‌ನಿಂದ ಲೆನ್ಸನ್ನು ಮೆಲ್ಲಗೆ ಬಿಡಿಸಿಕೊಳ್ಳಿ. ಅದನ್ನು ಕೂರಿಸುವಾಗ ಯಾವ ಮುಖ ಮೇಲೆ ಅನ್ನುವುದು ಮುಖ್ಯ. ಜಾಸ್ತಿ ಉಬ್ಬಿದ ಮುಖ ಮೊಬೈಲ್ ಕಡೆಗೆ, ಚಪ್ಪಟೆ ಮುಖ ವಸ್ತುವಿನ ಕಡೆಗೆ. ಡ್ರೈವ್‌ನಲ್ಲೂ ಹೀಗೇ ಇತ್ತು. ಉಬ್ಬಿದ ಕಡೆಯಿಂದ ಲೇಸರ್ ಒಳಗೆ ಬಂದು, ಚಪ್ಪಟೆ ಕಡೆಯಿಂದ ಡಿಸ್ಕಿನ ಮೇಲೆ ಬೀಳುತ್ತಿತ್ತು. ಅಂಟಿಸಲು ಸೂಪರ್ ಗ್ಲೂ ಬಳಸಬೇಡಿ, ಅದರ ಆವಿಗೆ ಲೆನ್ಸ್ ಮೇಲೆ ಬಿಳಿ ಪೊರೆ ಬರುತ್ತದೆ. ಡಬಲ್ ಸೈಡ್ ಟೇಪ್ ಒಳ್ಳೆಯದು. ಸ್ಟ್ಯಾಂಡ್ ಮಾಡುವಷ್ಟು ಪುರುಸೊತ್ತು ಇಲ್ಲದಿದ್ದರೆ ಲೆನ್ಸನ್ನು ಒಂದು ಹೇರ್‌ಪಿನ್ ಸಂದಿಗೆ ಸಿಕ್ಕಿಸಿ, ಪಿನ್ನನ್ನು ಕ್ಯಾಮೆರಾ ಮೇಲೆ ಟೇಪ್ ಹಾಕಿ. ಕೈ ನಡುಗದಿದ್ದರೆ ಅದರಲ್ಲೂ ಸಾಕಷ್ಟು ಕಾಣುತ್ತದೆ.

ಇಲ್ಲಿ ಒಂದು ಲೆಕ್ಕ ಇದೆ, ನನಗೆ ಬಹಳ ಖುಷಿ ಕೊಟ್ಟದ್ದು. ಆರು ಎಂಎಂ ಬೋಲ್ಟಿನ ನಟ್ಟನ್ನು ಪೂರ್ತಿ ಒಂದು ಸುತ್ತು ತಿರುಗಿಸಿದರೆ ಅದು ಒಂದು ಮಿಲಿಮೀಟರ್ ಏರುತ್ತದೆ. ಫೋಕಸ್‌ಗೆ ಇದು ತೀರಾ ಜಾಸ್ತಿ. ಆದರೆ ಮೂರು ನಟ್‌ಗಳಲ್ಲಿ ಒಂದನ್ನು ಮಾತ್ರ ತಿರುಗಿಸಿ. ಹಾಳೆ ಒಂದು ಮೂಲೆಯಲ್ಲಿ ಮಾತ್ರ ಏಳುತ್ತದೆ, ತ್ರಿಕೋನದ ನಡುಮಧ್ಯ ಏರುವುದು ಅದರ ಮೂರನೇ ಒಂದು ಭಾಗ. ನಟ್ಟನ್ನು ಹತ್ತನೇ ಒಂದು ಸುತ್ತು ತಿರುಗಿಸಿದರೆ ಮಧ್ಯದಲ್ಲಿ ಏರಿದ್ದು ಕೇವಲ 33 ಮೈಕ್ರಾನ್, ಅರ್ಧ ಕೂದಲಿನಷ್ಟು. ಹಾಗಾಗಿ ವಸ್ತುವನ್ನು ಸರಿಯಾಗಿ ನಡುವಿಗೇ ಇಡಿ. ದುಬಾರಿ ತಿರುಪು ಯಾವುದೂ ಬೇಕಾಗಿಲ್ಲ.

ಬೆಳಕು ಕೆಳಗಿನಿಂದ ಬರಬೇಕು. ಒಂದು ಎಲ್‌ಇಡಿ ಟಾರ್ಚ್, ಅದರ ಮೇಲೆ ಬಟರ್ ಪೇಪರ್ ತುಂಡು.

ಮೊದಲು ಈರುಳ್ಳಿ. ಒಳಗಿನ ಪದರದಿಂದ ತೆಳು ಪೊರೆ ಎತ್ತಿ, ಗಾಜಿನ ಮೇಲೆ ನೀರಿನ ಹನಿಯಲ್ಲಿ ಹರಡಿ. ಒಂದು ತೊಟ್ಟು ಅಯೋಡಿನ್ ಹಾಕಿ. ನೋಡಿ! ಸಾಲಾಗಿ ಜೋಡಿಸಿದ ಕೋಶಗಳು, ಒಂದೊಂದರ ಒಳಗೂ ಕಂದು ಚುಕ್ಕೆ. ಅದೇ ಕೋಶಕೇಂದ್ರ. ನಾನು ಶಾಲೆಯಲ್ಲಿ ಇದರ ಚಿತ್ರ ಬಿಡಿಸಿ ಅಂಕ ತೆಗೆದುಕೊಂಡಿದ್ದೆ. ಕಣ್ಣಾರೆ ಕಂಡದ್ದು ಈ ಸ್ಟ್ಯಾಂಡ್ ಮೇಲೆ.

ಅಕ್ಕನ ಮಗಳು ಅಂಗಳದ ಕೆಂಪು ದಾಸವಾಳ ಕಿತ್ತು ತಂದಳು. ಅದರ ಪರಾಗ ಬೇರೆ ಹೂಗಳಿಗೆ ಹೋಲಿಸಿದರೆ ತುಂಬಾ ದೊಡ್ಡದು, 100 ಮೈಕ್ರಾನಿಗಿಂತ ಹೆಚ್ಚು. ಮೈತುಂಬಾ ಮುಳ್ಳು. "ಮಾಮ, ಇದು ಯಾಕೆ ಹೀಗೆ ಮುಳ್ಳು ಮುಳ್ಳಾಗಿದೆ?" ಅಂತ ಕೇಳಿದಳು. "ಹಕ್ಕಿ, ಚಿಟ್ಟೆ ಬಂದು ಕೂತಾಗ ಅಂಟಿಕೊಳ್ಳಬೇಕಲ್ಲ ಪುಟ್ಟಿ" ಅಂದೆ. ಅಷ್ಟಕ್ಕೆ ಸುಮ್ಮನಾಗಲಿಲ್ಲ. ದಾಸವಾಳ ಮುಗಿಸಿ ಮಲ್ಲಿಗೆ, ಮಲ್ಲಿಗೆ ಆದಮೇಲೆ ಉಪ್ಪು, ಸಕ್ಕರೆ, ಸತ್ತ ಸೊಳ್ಳೆಯ ರೆಕ್ಕೆ. ಉಪ್ಪಿನ ಹರಳು ಮೂಲೆ ಮೂಲೆ ಚೌಕವಾಗಿ ಕಂಡಾಗ ಅಡುಗೆಮನೆಯಿಂದ ಅಮ್ಮನನ್ನೂ ಎಳೆದು ತಂದಳು.

ಅಮ್ಮ ಇಟ್ಟದ್ದು ಎರಡು ಸೀರೆಯ ಎಳೆ, ಒಂದು ರೇಷ್ಮೆ, ಒಂದು ಹತ್ತಿ. ಹತ್ತಿಯ ನಾರು ಚಪ್ಪಟೆಯಾಗಿ ಅಲ್ಲಲ್ಲಿ ಮುರುಚಿಕೊಂಡಿದೆ. ರೇಷ್ಮೆ ನುಣ್ಣಗೆ, ಬೆಳಕು ಹಾಯುವ ಕಡ್ಡಿ. ರೇಷ್ಮೆ ಯಾಕೆ ಮಿನುಗುತ್ತದೆ ಎಂದು ಬಾಯಲ್ಲಿ ವಿವರಿಸುವುದೇ ಬೇಕಾಗಲಿಲ್ಲ.

ಇನ್ನು ಮೇಲಿನಿಂದ ಬೆಳಕು ಬಿಟ್ಟು ನೋಡುವಂಥವು. ಪೇಪರಿನ ಬಣ್ಣದ ಫೋಟೋ ತೆಗೆದುಕೊಳ್ಳಿ, ಮುಖದ ಬಣ್ಣ ಅನ್ನುವುದೇ ಅಲ್ಲಿಲ್ಲ. ನೀಲಿ, ಗುಲಾಬಿ, ಹಳದಿ, ಕಪ್ಪು ಚುಕ್ಕಿಗಳು ಅಷ್ಟೇ. ಮೊಬೈಲ್ ಪರದೆಯ ಬಿಳಿ ಜಾಗದಲ್ಲಿ ಕೆಂಪು, ಹಸಿರು, ನೀಲಿ. ಹೊಸ 500 ರೂಪಾಯಿ ನೋಟಿನಲ್ಲಿ ಬರಿಗಣ್ಣಿಗೆ ಗೆರೆ ಅನಿಸುವ ಕಡೆ ಸಣ್ಣ ಅಕ್ಷರಗಳಿವೆ, ದೇವನಾಗರಿಯಲ್ಲಿ 'ಭಾರತ' ಮತ್ತು ಇಂಗ್ಲಿಷಿನಲ್ಲಿ 'ಇಂಡಿಯಾ'. ಹುಡುಕಿ ನೋಡಿ, ಮಕ್ಕಳಿಗೆ ಇದು ಒಳ್ಳೆ ಆಟ.

ಕೆರೆ ನೀರನ್ನು ಕೊನೆಗೆ ಇಟ್ಟುಕೊಂಡಿದ್ದೆ. ತಳದ ಕೊಳೆತ ಎಲೆಯ ಪಕ್ಕದಿಂದ ತೆಗೆದ ಹನಿಯಲ್ಲಿ ಜೀವಿಗಳು ಜಾಸ್ತಿ. ಇಲ್ಲಿ ಬಲಗಡೆಯಿಂದ ಓಡಿ ಬರುತ್ತಿದೆಯಲ್ಲ, ಚಪ್ಪಲಿ ಆಕಾರದ್ದು, ಅದು ಪ್ಯಾರಾಮೀಸಿಯಂ ಜಾತಿಯದ್ದು ಅನಿಸುತ್ತದೆ. ಅವು ಮಿಲಿಮೀಟರಿನ ಕಾಲು ಭಾಗದಷ್ಟು ಉದ್ದ ಬೆಳೆಯುತ್ತವೆ. ಓಡುವುದು ನಿಲ್ಲಿಸಬೇಕಾದರೆ ಹನಿಗೆ ನಾಲ್ಕು ಹತ್ತಿ ನಾರು ಹಾಕಿ, ನಾರಿನ ನಡುವೆ ಸಿಕ್ಕಿಕೊಂಡು ನಿಧಾನ ಆಗುತ್ತವೆ.

ಈ ಸಾಧನದ ಕೊರತೆಯೂ ಹೇಳುತ್ತೇನೆ. ಚಿತ್ರದ ನಡುಭಾಗ ಮಾತ್ರ ಸ್ಪಷ್ಟ, ಅಂಚುಗಳು ಮಸುಕು. ಡಿವಿಡಿ ಲೆನ್ಸ್ ಒಂದೇ ಚುಕ್ಕಿಯನ್ನು ನೋಡಲು ಮಾಡಿದ್ದು, ಹಾಗಾಗಿ ಅಗಲವಾದ ಚಿತ್ರ ಅದಕ್ಕೆ ಆಗುವುದಿಲ್ಲ. ಅದಕ್ಕೆ ಮದ್ದು ಹಳೇ ವೆಬ್‌ಕ್ಯಾಮ್‌ನಲ್ಲಿ ಇದೆ. ಅದರ ಲೆನ್ಸ್ ಬಿಚ್ಚಿ ತಲೆಕೆಳಗು ಮಾಡಿ ಕೂರಿಸಿದರೆ ಹಿಗ್ಗುವುದು ಕಡಿಮೆ, ಆದರೆ ಅಂಚಿನವರೆಗೂ ಚಿತ್ರ ಚೊಕ್ಕ ಬರುತ್ತದೆ. ಎಲೆ, ಹುಳು, ಬಟ್ಟೆ ನೇಯ್ಗೆ ನೋಡಲು ಅದೇ ಮೇಲು. ಮುಂದಿನ ವಿಡಿಯೋದಲ್ಲಿ ಅದನ್ನು ಇದೇ ಸ್ಟ್ಯಾಂಡಿಗೆ ಹೊಂದಿಸುತ್ತೇನೆ. ಅಲ್ಲಿಯವರೆಗೆ ಮೂರು ಬೋಲ್ಟ್ ತಂದಿಟ್ಟುಕೊಳ್ಳಿ, ಕೆಟ್ಟ ವೆಬ್‌ಕ್ಯಾಮ್ ಇದ್ದರೆ ಬಿಸಾಡಬೇಡಿ.